ಕ್ಲಚ್ಚಿಗೆ ಬಾರದ ಶ್ರೀಮಾನ್ ವಾರಂಟಿಯವರಿಗೆ

ಜಾವಗಲ್,
ಧಾತು ಸಂವತ್ಸರದ ಮಾಘ ಮಾಸ

ಅರಸೀಕೆರೆಯ ಶೀಘ್ರಗಮನ ಮೋಟಾರು ಕಂಪನಿಯಲ್ಲಿ ಅದೃಶ್ಯರಾಗಿ ನೆಲೆಸಿರುವ ಶ್ರೀಮಾನ್ ವಾರಂಟಿಯವರ ಸಮ್ಮುಖಕ್ಕೆ,

ಮಾನ್ಯರೇ,

ಅರಸೀಕೆರೆಗೆ ಮೊಟ್ಟಮೊದಲ ರೈಲು ಬಂದಾಗ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅದು ತೆಂಗಿನ ತೋಟಗಳ ನಡುವೆ ಕಕ್ಕಾಬಿಕ್ಕಿಯಾಗಿ ಕೂಗಿಕೊಳ್ಳುತ್ತಿದ್ದಾಗ, ಮೇಲುವಸ್ತ್ರ ಬೀಸಿ "ಇಲ್ಲೇ ನಿಲ್ಲಪ್ಪ" ಎಂದು ಜಾಗ ತೋರಿಸಿ ಇಂದಿನ ಜಂಕ್ಷನ್ನನ್ನು ಸ್ಥಾಪಿಸಿದವನೂ, ಜಾವಗಲ್ಲಿನ ತೆಂಗಿನಕಾಯಿ ವ್ಯಾಪಾರಿಯೂ, ಊರಿಗೆಲ್ಲ ಮಾವನೂ ಆದ ರೇವಣಸಿದ್ದಪ್ಪನು ತಮ್ಮ ಪಾದಗಳಿಗೆ, ತಮಗೆ ಪಾದಗಳಿರುವ ಪಕ್ಷದಲ್ಲಿ, ಅಡ್ಡಬಿದ್ದು ಮಾಡಿಕೊಳ್ಳುವ ಅರಿಕೆ. ಇತ್ತ ನಮ್ಮ ಮನೆಯಲ್ಲಿ ಮೋಟಾರಿನ ವಿಷಯವೊಂದರ ವಿನಾ ಎಲ್ಲವೂ ಕ್ಷೇಮ. ಅತ್ತ ತಾವು ಇದ್ದೀರಿ ಎಂದು ಕಂಪನಿಯವರು ಒಂದು ದಿನ ಹೇಳಿ, ಇಲ್ಲವೆಂದು ಇನ್ನೊಂದು ದಿನ ಹೇಳುತ್ತಿರುವುದರಿಂದ ತಮಗೆ ಏನನ್ನು ಹಾರೈಸಬೇಕೋ ತಿಳಿಯದೆ, ಎರಡಕ್ಕೂ ಹೊಂದಲಿ ಎಂದು ಶಾಂತಿಯನ್ನು ಕೋರುತ್ತೇನೆ.

ತಮ್ಮಂಥ ದೊಡ್ಡವರಿಗೆ ಲಕೋಟೆಯಲ್ಲಿಟ್ಟು ಗುಟ್ಟಾಗಿ ಬರೆಯುವುದೇ ಮರ್ಯಾದೆ. ಆದರೆ ತಮ್ಮ ಊರು ಯಾವುದು, ಬೀದಿ ಯಾವುದು ಎಂದು ಕಂಪನಿಯಲ್ಲಿ ಯಾರೂ ಹೇಳದೆ ಹೋದ್ದರಿಂದ, ಕೂಲಿಮಠದಲ್ಲಿ ಮರಳಿನ ಮೇಲೆ ಬೆರಳಿಟ್ಟು ಕಲಿತ ನಾಲ್ಕಕ್ಷರವನ್ನು ಹೀಗೆ ಬಹಿರಂಗವಾಗಿ ಖರ್ಚು ಮಾಡಬೇಕಾಗಿ ಬಂದಿದೆ. ಓದಿದವರು ಯಾರಾದರೂ ತಮ್ಮನ್ನು ಕಂಡರೆ ತಲುಪಿಸಲಿ. ನನ್ನ ನಷ್ಟ ಲಕ್ಷ ರೂಪಾಯಿಗೆ ಕಡಿಮೆಯಿಲ್ಲವೆಂಬುದನ್ನೂ ಹಾಗೆಯೇ ತಿಳಿಸಲಿ.

ತಮ್ಮ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಕಳೆದ ದಸರೆಯ ಹಿಂದಿನ ವಾರ, ಮೂರು ವರ್ಷದ ಕೊಬ್ಬರಿ ದುಡ್ಡನ್ನು ಸೊಂಟಕ್ಕೆ ಕಟ್ಟಿಕೊಂಡು ನಾನು ಕಂಪನಿಯಲ್ಲಿ ಬಸ್ಸು ಕೊಳ್ಳಲು ಕೂತಿದ್ದಾಗ. ಮ್ಯಾನೇಜರ್ ಚನ್ನಬಸವಯ್ಯನವರು ಬಸ್ಸಿನ ಬೆನ್ನು ತಟ್ಟಿ, "ಮೂರು ತಿಂಗಳು ನೀವು ತಲೇನೇ ಕೆಡಿಸ್ಕೋಬೇಡಿ, ಏನೇ ಆದ್ರೂ ವಾರಂಟಿ ನೋಡ್ಕೊಳ್ಳುತ್ತೆ" ಎಂದರು. ಅಷ್ಟು ದೊಡ್ಡ ಜವಾಬ್ದಾರಿ ಹೊತ್ತವರನ್ನು ಏಕವಚನದಲ್ಲಿ, ಅದೂ ನಪುಂಸಕ ಲಿಂಗದಲ್ಲಿ ಕರೆದದ್ದು ನನಗೆ ಅಂದೇ ಸರಿಬರಲಿಲ್ಲ. ತಮ್ಮ ಬಗ್ಗೆ ಅಚ್ಚು ಹಾಕಿದ ಕಾಗದವೊಂದನ್ನೂ ಕೊಟ್ಟರು. ಇಂಗ್ಲಿಷಿನ ಅಕ್ಷರಗಳು, ಬೆಲ್ಲಕ್ಕೆ ಮುತ್ತಿದ ಇರುವೆಯಷ್ಟು ಸಣ್ಣವು. ಮನೆಗೆ ಬಂದು ಬಸ್ಸಿನ ಜೊತೆ ವಾರಂಟಿಯೂ ಬಂದಿದೆ ಎಂದು ಹಿಗ್ಗಿ ಹೇಳಿದಾಗ ನಮ್ಮ ಮನೆಯಾಕೆ ಮಹದೇವಮ್ಮ ಬೀಸುತ್ತಿದ್ದ ಕಲ್ಲನ್ನು ನಿಲ್ಲಿಸಿ, "ವಾರಂಟು ಅಂದ್ರೆ ಪೋಲೀಸ್ನೋರು ತರೋದಲ್ವ, ಅದನ್ನ ನೀವು ದುಡ್ಡು ಕೊಟ್ಟು ತಗೊಂಡ್ ಬಂದ್ರಾ?" ಎಂದು ಕೇಳಿದಳು. ವಿದ್ಯೆಯಿಲ್ಲದವಳು ಎಂದು ನಾನು ನಕ್ಕುಬಿಟ್ಟೆ. ಆಮೇಲೆ ಎರಡು ತಿಂಗಳು ಕಂಪನಿಗೆ ಹಾಜರಾಗುವುದು, ಬೆಂಚಿನ ಮೇಲೆ ಕೂರುವುದು, ವಾಯಿದೆ ಹಾಕಿಸಿಕೊಂಡು ತಲೆ ತಗ್ಗಿಸಿ ಮನೆಗೆ ಬರುವುದು ಇದನ್ನೇ ಮಾಡಿದ ಮೇಲೆ, ತಮ್ಮನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದವಳು ಅವಳೊಬ್ಬಳೇ ಎಂದು ಒಪ್ಪಿಕೊಂಡಿದ್ದೇನೆ.

ಬಸ್ಸು ನನಗೇಕೆ ಬೇಕಿತ್ತೆಂದು ತಾವು ಕೇಳಬಹುದು. ಜಾವಗಲ್ಲಿನವರು ರೈಲು ಹತ್ತಬೇಕಾದರೆ ಬೇರೆ ಊರಿನವರ ಬಸ್ಸಿಗೆ ಕಾದು, ಜಾಗವಿಲ್ಲವೆನಿಸಿಕೊಂಡು, ಬೈಸಿಕೊಂಡು, ಕೊನೆಗೆ ಕೊಬ್ಬರಿ ಮೂಟೆಯ ಮೇಲೆ ಮೂಟೆಯಾಗಿ ಕೂತು ಹೋಗಬೇಕಾಗಿತ್ತು. ನಾನು ಹಾಸನದ ಕಛೇರಿಗೆ ಅಲೆದಲೆದು, ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮಾರ್ಗವಾಗಿ ಬೇಲೂರಿಗೆ ಬಸ್ಸು ಓಡಿಸುವ ಅಪ್ಪಣೆ ಪಡೆದೆ. ನಮ್ಮ ಕಡೆ ಇದಕ್ಕೆ ಲೈನು ಎನ್ನುತ್ತೇವೆ. ಆ ಲೈನಿಗೆ ಷರತ್ತು ಒಂದೇ: ಬಸ್ಸು ಎರಡು ತಿಂಗಳು ಓಡದೆ ನಿಂತರೆ ಲೈನು ಇನ್ನೊಬ್ಬರ ಪಾಲು. ಹೊಸ ಬಸ್ಸು ಏಕೆ ನಿಲ್ಲುತ್ತದೆ ಎಂದು ನಾನು ಆ ಷರತ್ತನ್ನು ಓದಿದ ಮರುಗಳಿಗೆಯೇ ಮರೆತೆ. ಬಸ್ಸಿನ ಹಣೆಯ ಮೇಲೆ ಶ್ರೀ ರೇವಣಸಿದ್ದೇಶ್ವರ ಪ್ರಸನ್ನ ಎಂದು ಬರೆಸಿದೆ. ದೇವರ ಹೆಸರೂ ಆಯಿತು, ನನ್ನ ಹೆಸರೂ ಆಯಿತು, ಬಣ್ಣದ ಖರ್ಚು ಮಾತ್ರ ಒಂದೇ. ಊರ ಹೆಂಗಸರು ತವರಿಗೆ ಹೋಗುವಾಗ ಮಾವನ ಬಸ್ಸು ಎಂದು ಹಕ್ಕಿನಿಂದ ಕೈ ಅಡ್ಡ ಹಿಡಿಯತೊಡಗಿದರು. ಅಷ್ಟು ದೊಡ್ಡ ಜಂಕ್ಷನ್ನು ಸ್ಥಾಪಿಸಿದಾಗಲೂ ನನಗೆ ಅಂಥ ಮರ್ಯಾದೆ ಸಿಕ್ಕಿರಲಿಲ್ಲ.

ಇನ್ನು ಕ್ಲಚ್ಚಿನ ವಿಷಯ. ಕ್ಲಚ್ಚು ಎಂದರೇನೆಂದು ತಮಗೆ ಹೇಳಿಕೊಡುವುದು ಉದ್ಧಟತನವಾದೀತು. ಆದರೂ ತಾವು ಅದರ ಮನೆಯ ಕಡೆ ತಲೆ ಹಾಕಿ ಮಲಗಿದವರೂ ಅಲ್ಲವಾದ್ದರಿಂದ ಹೇಳುತ್ತೇನೆ. ಅದು ಎಂಜಿನ್ನಿಗೂ ಚಕ್ರಕ್ಕೂ ನಡುವೆ ಕೂತಿರುವ, ರೊಟ್ಟಿಯಗಲದ ಒಂದು ಬಿಲ್ಲೆ. ಡ್ರೈವರು ಕಾಲಲ್ಲಿ ಒತ್ತಿದರೆ ಇಬ್ಬರನ್ನೂ ಬಿಡಿಸುತ್ತದೆ, ಕಾಲು ತೆಗೆದರೆ ಕೂಡಿಸುತ್ತದೆ. ನಮ್ಮ ಬಿಲ್ಲೆ ಆರನೆಯ ವಾರದಲ್ಲೇ ಕೂಡಿಸುವ ಕೆಲಸಕ್ಕೆ ರಾಜೀನಾಮೆ ಕೊಟ್ಟಿತು. ಹಳೇಬೀಡಿನ ಕೆರೆ ಏರಿಯ ಬುಡದಲ್ಲಿ, ತುಂಬಿದ ಬಸ್ಸಿನಲ್ಲಿ, ಎಂಜಿನ್ನು ಹುಚ್ಚು ಹಿಡಿದಂತೆ ಅಬ್ಬರಿಸಿತು; ಚಕ್ರಗಳು ತಮಗೂ ಆ ಗಲಾಟೆಗೂ ಸಂಬಂಧವೇ ಇಲ್ಲವೆಂಬಂತೆ ನಿಂತವು; ಕೆಳಗಿನಿಂದ ತೆಂಗಿನ ನಾರು ಸುಟ್ಟ ವಾಸನೆ ಬಂತು. ಗೆಂಡೆಹಳ್ಳಿಗೆ ಹೊರಟಿದ್ದ ಭಾಗಮ್ಮನೆಂಬ ಮುದುಕಿ ಗಂಟು ಕಂಕುಳಿಗೆ ಸಿಕ್ಕಿಸಿ ಇಳಿದು ನನ್ನ ಮುಂದೆ ಕೈ ಚಾಚಿದಳು. "ಕೂಗೋಕೆ ಕಾಸು ಕೊಟ್ಟಿಲ್ಲ ಕಣಪ್ಪ, ಹೋಗೋಕೆ ಕೊಟ್ಟಿದ್ದು." ಅವಳಿಗೂ ಮಿಕ್ಕವರಿಗೂ ಕಾಸು ಹಿಂದಕ್ಕೆ ಕೊಟ್ಟೆ. ಒಂದು ಜೋಡಿ ಎತ್ತು ಬಂದು ಬಸ್ಸನ್ನು ಏರಿ ಹತ್ತಿಸಿ ಊರೊಳಕ್ಕೆ ಎಳೆದುಕೊಂಡು ಹೋದವು. ಆ ಎತ್ತುಗಳಿಗೆ ಯಾರೂ ವಾರಂಟಿ ಕೊಟ್ಟಿರಲಿಲ್ಲ.

ಮಾರನೆಯ ದಿನವೇ ನಾನು ಕಂಪನಿಗೆ ಓಡಿದೆ, ತಮ್ಮನ್ನು ಕಾಣಲು. ಮ್ಯಾನೇಜರು ನನ್ನ ದೂರನ್ನು ಬರೆದುಕೊಂಡು, ಕಾಫಿ ತರಿಸಿ ಕೊಟ್ಟು, "ಕ್ಲಚ್ಚಿಗೆ ವಾರಂಟಿ ಬರಲ್ಲವಲ್ಲ" ಎಂದರು. ತಾವು ಎಂಜಿನ್ನಿಗೆ ಬರುತ್ತೀರಂತೆ, ಹಿಂದಿನ ಅಚ್ಚಿಗೆ ಬರುತ್ತೀರಂತೆ, ಕ್ಲಚ್ಚಿಗೆ ಮಾತ್ರ ಬರುವುದಿಲ್ಲವಂತೆ. ಏನು ಕಾರಣ, ತಮಗೂ ಅದಕ್ಕೂ ಹಳೆಯ ಮನಸ್ತಾಪವೇನಾದರೂ ಇದೆಯೇ, ಇದ್ದರೆ ಮಠದ ಅಯ್ಯನವರ ಮುಂದೆ ಕೂತು ಬಗೆಹರಿಸೋಣ ಎಂದೆ. ಅದಲ್ಲ, ಡ್ರೈವರು ಕ್ಲಚ್ಚಿನ ಮೇಲೆ ಕಾಲಿಟ್ಟಿದ್ದಾನೆ, ಅದಕ್ಕೇ ಸವೆದಿದೆ ಎಂದು ವಿವರಿಸಿದರು. ಕಾಲಿಡುವುದು ತಪ್ಪೆಂದು ನಮಗೆ ತಿಳಿದಿರಲಿಲ್ಲ, ಮಾನ್ಯರೇ; ನೆಲದ ಹತ್ತಿರ, ಪಾದದ ಅಳತೆಗೆ, ಪಾದ ಜಾರದಂತೆ ಗೆರೆ ಕೊರೆದು ಕೂರಿಸಿದ್ದನ್ನು ನೋಡಿ ಮೋಸಹೋದೆವು. ಮುಂದಿನ ಗಾಡಿಗಳಲ್ಲಿ ಅದನ್ನು ಚಾವಣಿಗೆ ತೂಗುಹಾಕಿಸಿ, ಡ್ರೈವರು ಹಣೆಯಿಂದ ಮುಟ್ಟಿ ನಮಸ್ಕಾರ ಮಾಡಿದರೆ ಗೇರು ಬೀಳುವಂತೆ ತಾವು ಏರ್ಪಾಡು ಮಾಡಿಸಬೇಕಾಗಿ ಬೇಡಿಕೆ.

ಎರಡನೆಯ ಸಲ ಹೋದಾಗ ಇರುವೆ ಅಕ್ಷರದ ಕಾಗದವನ್ನು ಬಿಡಿಸಿ, ಬಳಸಿ ಸವೆದದ್ದಕ್ಕೆ ವಾರಂಟಿ ಇಲ್ಲವೆಂದು ಬರೆದಿದೆ ಎಂದು ಓದಿ ಹೇಳಿದರು. ಎಂಥ ಬುದ್ಧಿವಂತಿಕೆ! ನಾನು ಇಷ್ಟು ವರ್ಷ ತೆಂಗಿನಕಾಯಿ ಮಾರಿ ಏನು ಕಲಿತೆ? ಕೊಳೆತ ಕಾಯಿ ಬಂದರೆ ಮಾತಿಲ್ಲದೆ ಬದಲಿಗೆ ಒಳ್ಳೆಯ ಕಾಯಿ ಕೊಡುತ್ತ ಬಂದ ಮೂರ್ಖ ನಾನು. ಇನ್ನು ಮೇಲೆ ಕಂಪನಿಯವರ ಆಯುಧಪೂಜೆಗೆ ನನ್ನ ಕಾಯಿಯನ್ನೂ ವಾರಂಟಿ ಸಮೇತ ಕಳಿಸುತ್ತೇನೆ. ಒಡೆಯದೆ ಇರುವ ತನಕ ಒಳಗೆ ಚೆನ್ನಾಗಿದೆ ಎಂಬುದಕ್ಕೆ ನಾನು ಹೊಣೆ, ಒಡೆದರೆ ಅದು ಬಳಸಿದ ಕಾಯಿ. ಆಗಲಿ, ತಾವು ಬರುವುದು ಬೇಡ, ನಾನೇ ದುಡ್ಡು ಕೊಡುತ್ತೇನೆ, ಬಿಲ್ಲೆ ಹಾಕಿಕೊಡಿ, ಲೈನು ಹೋಗುತ್ತದೆ ಎಂದು ಅಂಗಲಾಚಿದೆ. ನಾನು ಅಂಗಲಾಚಿದ್ದು ಈ ಜನ್ಮದಲ್ಲಿ ಅದೊಂದೇ ಸಲ. ಬಿಲ್ಲೆ ಇಡೀ ಮೈಸೂರು ಸೀಮೆಯಲ್ಲೇ ಇಲ್ಲ, ಹಡಗಿನಲ್ಲಿ ಬರಬೇಕು, ಸಮುದ್ರ ಸರಿಯಿಲ್ಲ ಎಂದರು. ಸಂಕ್ರಾಂತಿಯವರೆಗೂ ನಾನು ಆ ಬೆಂಚಿನ ಮೇಲೆ ಕೂತು ಸಮುದ್ರ ಸರಿಯಾಗುವುದನ್ನು ಕಾದೆ. ಹಬ್ಬ ಕಳೆದ ಮೇಲೆ ಹೋದರೆ, ಮ್ಯಾನೇಜರು ಬಹಳ ವಿಷಾದದ ಮುಖ ಮಾಡಿ, "ಮೂರು ತಿಂಗಳಾಯ್ತಲ್ಲ, ವಾರಂಟಿ ತೀರಿಹೋಯ್ತು" ಎಂದರು. ನಮ್ಮ ಮನೆತನದಲ್ಲಿ ಸಾವಿನ ಮೈಲಿಗೆ ಆಚರಿಸುವ ಪದ್ಧತಿಯಿಲ್ಲ. ಆದರೂ ತಮ್ಮ ಮೇಲಿನ ಗೌರವಕ್ಕಾಗಿ ಕಂಪನಿಯ ಹಿತ್ತಲ ನಲ್ಲಿಯಲ್ಲಿ ತಲೆಗೆ ಎರಡು ಚೊಂಬು ನೀರು ಸುರಿದುಕೊಂಡೇ ಊರಿಗೆ ಹೊರಟೆ.

ಲೈನಿನ ಗಡುವಿಗೆ ವಾರವಷ್ಟೇ ಉಳಿದಿತ್ತು. ಆಗ ಅದೇ ಮ್ಯಾನೇಜರು ನಮ್ಮ ಮನೆ ಬಾಗಿಲಿಗೇ ಬಂದು, ಮಹದೇವಮ್ಮ ಕೊಟ್ಟ ಮಜ್ಜಿಗೆ ಕುಡಿದು, ಲೈನು ಹೋದ ಮೇಲೆ ಈ ಗಾಡಿ ಕೋಳಿಗೂಡಿಗೂ ಆಗುವುದಿಲ್ಲ, ನನ್ನ ಮುಖ ನೋಡಿ ಕಂಪನಿಯೇ ಹಿಂದಕ್ಕೆ ಕೊಳ್ಳುತ್ತದೆ, ಕ್ಲಚ್ಚಿಲ್ಲದ ಗಾಡಿಯಾದ್ದರಿಂದ ಬೆಲೆಯಲ್ಲಿ ಮಾತ್ರ ಸ್ವಲ್ಪ ತಗ್ಗಬೇಕು ಎಂದರು. ತಗ್ಗಿದೆ. ಬಸ್ಸನ್ನು ಎತ್ತಿನ ಹಿಂದೆ ಕಟ್ಟಿಕೊಂಡು ಹೋಗುವಾಗ ಊರಿನವರು ಬಾಗಿಲಲ್ಲಿ ನಿಂತು ನೋಡಿದರು. ಮಾವನ ಬಸ್ಸು ಎಂದು ಯಾರೂ ಅನ್ನಲಿಲ್ಲ. ಲೈನು ಮುಂದಿನ ವಾರವೇ ಅರಸೀಕೆರೆಯ ಗಂಗಾಧರಪ್ಪನವರ ಪಾಲಾಯಿತು. ಅವರು ನಮ್ಮ ಮ್ಯಾನೇಜರಿಗೆ ಷಡ್ಡಕ. ಅದಾಗಿ ಮೂರನೆಯ ದಿನ ನನ್ನ ಬಸ್ಸೇ, ಹಣೆಗೆ ಗಂಗಾಧರೇಶ್ವರ ಪ್ರಸನ್ನ ಎಂದು ಹಸಿ ಬಣ್ಣ ಬಳಿದುಕೊಂಡು, ತುಂಬಿದ ಜನವನ್ನು ಹೊತ್ತು ನಮ್ಮ ಬೀದಿಯಲ್ಲಿ ಬಾಣದ ಹಾಗೆ ಹೋಯಿತು.

ಇದು ಹೇಗೆ ಓಡಿತೆಂದು ನನಗೆ ತಿಳಿಸಿದವನು, ನನ್ನಲ್ಲಿದ್ದು ಈಗ ಅವರಲ್ಲಿ ಸೇರಿರುವ ಡ್ರೈವರು ಜವರಣ್ಣ. ಅವನು ಬಸ್ಸನ್ನು ನಮ್ಮ ಜಗಲಿಯ ಮುಂದೆ ನಿಲ್ಲಿಸಿ, ಇಳಿಯದೆ, ನನ್ನ ಮುಖ ನೋಡದೆ ಹೇಳಿದ: "ವಾರಂಟಿ ಡಿಸೆಂಬರ್ನಾಗೇ ಬಂದಿತ್ತಂತೆ ಕಣ್ ಮಾವ, ನಿಮ್ ಹೆಸರಿಗೇ, ಒಂದ್ ಕಾಸಿಲ್ದಂಗೆ. ಅಂಗಡಿ ಅಟ್ಟದ್ ಮ್ಯಾಲೆ ಮಡಗಿದ್ರು, ನೀವು ಮಾರೋಗಂಟ."

ಅಂದರೆ, ಮಾನ್ಯರೇ, ನಾನು ಬೆಂಚಿನ ಮೇಲೆ ಕೂತು ತಮ್ಮ ದಾರಿ ಕಾಯುತ್ತಿದ್ದಾಗ ತಾವು ಹೊಸ ಬಿಲ್ಲೆಯ ರೂಪ ತಾಳಿ ಮರದ ಪೆಟ್ಟಿಗೆಯಲ್ಲಿ, ನನ್ನ ತಲೆಯ ನೇರಕ್ಕೆ, ಅಟ್ಟದ ಮೇಲೆ ಬೆಚ್ಚಗೆ ಮಲಗಿದ್ದಿರಿ. ಸಮುದ್ರ ಸರಿಯಿಲ್ಲವೆಂದು ಕೇಳಿ ನಾನು ನಿಟ್ಟುಸಿರು ಬಿಟ್ಟದ್ದು ತಮಗೆ ಕೇಳಿಸಿರಬೇಕು. ತಮ್ಮನ್ನು ಇಲ್ಲವೆಂದವರು ಮೂರ್ಖರು, ತಾವು ಇದ್ದೀರಿ. ತಮ್ಮನ್ನು ಬರುವುದಿಲ್ಲವೆಂದವರು ಸುಳ್ಳರು. ತಾವು ಬರುತ್ತೀರಿ, ಮ್ಯಾನೇಜರ ಷಡ್ಡಕನ ಮನೆಗೆ. ಸಂಕ್ರಾಂತಿಗೆ ತೀರಿಕೊಂಡು ಅದೇ ತಿಂಗಳಲ್ಲಿ ಎದ್ದು ಕೂತು, ಮೈಲಿಗೆಯ ನೀರನ್ನು ಮಾತ್ರ ಇನ್ನೊಬ್ಬನ ತಲೆಗೆ ಸುರಿಸಿದ ಇಂಥ ಮಹಿಮೆ ಯಾವ ಸಿದ್ಧಪುರುಷನಿಗೂ ಇದ್ದದ್ದನ್ನು ನಾನು ಕೇಳಿಲ್ಲ. ಅಮಲ್ದಾರರಲ್ಲಿಗೂ ಹೋಗಿಬಂದೆ. ಕಾಗದಕ್ಕೆ ನನ್ನ ರುಜುವಾಗಿದೆ, ಮಾರಿದ ಗಾಡಿಯ ಮೇಲೆ ನನಗೆ ಹಕ್ಕಿಲ್ಲ, ಎಂದರು. ಆದ್ದರಿಂದ ತಮ್ಮಲ್ಲೇ ಬೇಡುತ್ತೇನೆ. ತಾವು ಒಂದು ಸಲ ಸಶರೀರರಾಗಿ ಜಾವಗಲ್ಲಿಗೆ ಬಂದು, ಹೆಂಗಸರು ಮಕ್ಕಳೆಲ್ಲ ಇರುವಾಗ, ಬಸ್ಸು ಕೆಟ್ಟದ್ದು ಮಾವನ ಡ್ರೈವರನ ಕಾಲಿನಿಂದಲ್ಲ, ಅವನ ಲೈನನ್ನು ಅಟ್ಟದ ಮೇಲಿಟ್ಟು ಕೊಂದದ್ದು ನಾವು ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಬಾಯಿ ಬಿಟ್ಟು ಹೇಳಬೇಕು. ಅಷ್ಟು ಮಾಡಿದರೆ ಲಕ್ಷ ರೂಪಾಯಿಯ ನಷ್ಟದಲ್ಲಿ ಐವತ್ತು ಸಾವಿರವನ್ನು ತಮಗೆ ಸೋಡಿ ಬಿಡುತ್ತೇನೆ.

ಇಷ್ಟಾದ ಮೇಲೂ ತಮ್ಮ ಇರವನ್ನು ನಂಬುವ ಹೋಬಳಿಗೊಬ್ಬನೇ ಭಕ್ತನಾದ,
ತಮ್ಮ ವಿಶ್ವಾಸಿ,
ರೇವಣಸಿದ್ದಪ್ಪ,
ತೆಂಗಿನಕಾಯಿ ವ್ಯಾಪಾರಿ, ಜಾವಗಲ್

ಮೇಲಿನದಕ್ಕೆ ಸೇರಿಸಿ ಬರೆದದ್ದು: ಮೊನ್ನೆ ಹಳೇಬೀಡಿಗೆ ಹೋಗುವ ಕೆಲಸವಿತ್ತು, ಬೇರೆ ಬಸ್ಸಿಲ್ಲದ್ದರಿಂದ ಆ ಬಸ್ಸನ್ನೇ ಹತ್ತಿದೆ. ಏರಿಯ ಬುಡದಲ್ಲಿ ಕಣ್ಣು ಮುಚ್ಚಿಕೊಂಡೆ. ಬೆಣ್ಣೆಯಲ್ಲಿ ಬೆರಳಾಡಿದಂತೆ ಹತ್ತಿತು; ತಮ್ಮ ಕ್ಲಚ್ಚಿನ ಗುಣದಲ್ಲಿ ಹೆಸರಿಡುವುದಕ್ಕೆ ಏನೂ ಇಲ್ಲ. ಕಂಪನಿಯ ವಕೀಲರು ಈ ಪತ್ರವನ್ನು ಓದುತ್ತಾರೆಂದು ಕೇಳಿದೆ. ಲಕ್ಷ, ಐವತ್ತು ಸಾವಿರ ಎಂದದ್ದನ್ನು ಹಿಡಿದುಕೊಂಡು ಉಳಿದದ್ದೂ ಬಡಾಯಿ ಎಂದು ವಾದ ಮಾಡಿಯಾರು. ಆದ್ದರಿಂದ ಇದನ್ನು ನೆಟ್ಟಗೆ ಹೇಳುತ್ತೇನೆ. ನಾನು ಕೊಂಡ ಬೆಲೆಗೂ ಅವರು ಹಿಂದಕ್ಕೆ ಕೊಂಡ ಬೆಲೆಗೂ ಇರುವ ವ್ಯತ್ಯಾಸ ಏಳುನೂರ ಇಪ್ಪತ್ತು ರೂಪಾಯಿ. ಮೊನ್ನೆಯದನ್ನೂ ಸೇರಿಸಿದರೆ ನಾನು ಕಳೆದುಕೊಂಡದ್ದು ಏಳುನೂರ ಇಪ್ಪತ್ತು ರೂಪಾಯಿ ಮೂರಾಣೆ. ಆ ಮೂರಾಣೆ, ನನ್ನ ಬಸ್ಸಿನಲ್ಲಿ ನಾನು ಕೂತದ್ದಕ್ಕೆ ಕೊಟ್ಟ ಟಿಕೆಟ್ಟು.