ವೆಂಕೋಬರಾಯರ ಮೌನ ಮತ್ತು ಮಾತು ಕೇಳುವ ಟಾರ್ಚು

"ಈ ದ್ವಾದಶಿಗೆ ಮೊದಲನೇ ತುಪ್ಪ ನನ್ನ ಎಲಿಗೆ ಬೀಳಲಿಲ್ಲಂದ್ರ, ನನ್ನ ಹೆಸರು ವೆಂಕೋಬನ ಅಲ್ಲ!"

ಹೊಸಪೇಟೆಯ ನೀರಾವರಿ ಕಚೇರಿಯ ಸೂಪರಿಂಟೆಂಡೆಂಟ್ ವೆಂಕೋಬರಾಯರು ಹೀಗೆ ಭೀಷ್ಮ ಪ್ರತಿಜ್ಞೆ ಮಾಡಿದಾಗ ಅವರ ಕೈಯಲ್ಲಿ ಇದ್ದದ್ದು ಬಿಲ್ಲಲ್ಲ, ಬಾಣವಲ್ಲ, ಅರ್ಧ ಸುಲಿದ ಬಾಳೆಹಣ್ಣು. ಕೇಳಿಸಿಕೊಂಡವರೂ ಒಬ್ಬರೇ, ಹೆಂಡತಿ ಗೋದಾಬಾಯಿ.

"ಹಂಗಾರ ಬ್ಯಾರೆ ಹೆಸರು ಈಗ ನೋಡಿ ಇಟ್ಕೊಳ್ರಿ. ಆಮ್ಯಾಲೆ ಗಡಿಬಿಡಿ ಆಗೋದು ಬ್ಯಾಡ," ಎಂದು ಆಕೆ ಸೊಪ್ಪು ಬಿಡಿಸುತ್ತಲೇ ಹೇಳಿದರು.

ತುಪ್ಪದ ಕಥೆ ಏನೆಂದರೆ, ರಾಯರು ಕಂಪ್ಲಿಯ ಅತ್ತೆಯ ಹಿರಿಯ ಅಳಿಯ. ಇಪ್ಪತ್ತೆರಡು ವರ್ಷಗಳಿಂದ, ಯಾರ ಮನೆಯಲ್ಲೇ ಊಟವಾಗಲಿ, ಅತ್ತೆಯ ಕೈಯ ತುಪ್ಪದ ಮಿಳ್ಳಿ ಮೊದಲು ಬಗ್ಗುತ್ತಿದ್ದದ್ದು ಅವರ ಎಲೆಗೆ. ಎರಡನೆಯದು ಕಿರಿಯ ಅಳಿಯ ವಿದ್ಯಾಧೀಶನ ಎಲೆಗೆ. ಮೈಸೂರು ಮಹಾರಾಜರಿಗೆ ಅಂಬಾರಿ ಹೇಗೋ, ನಮ್ಮ ರಾಯರಿಗೆ ಆ ಮೊದಲ ತುಪ್ಪ ಹಾಗೆ! ಕಚೇರಿಯಲ್ಲಿ ಸಾಹೇಬರು ಬೈದರೂ ರಾಯರು ನಗುತ್ತಿದ್ದದ್ದು ಆ ತುಪ್ಪದ ಬಲದಿಂದಲೇ.

ಅದು ತಪ್ಪಿದ್ದು ಹೋದ ತಿಂಗಳು, ಸಂಡೂರಿನಲ್ಲಿ. ಅಲ್ಲಿ ಗಣಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ವಿದ್ಯಾಧೀಶನ ಮನೆಯಲ್ಲಿ ಪೂಜೆ. ಅತ್ತೆ ಮಡಿಯುಟ್ಟು ಬೆಲ್ಲದ ಡಬ್ಬಿಗಾಗಿ ಉಗ್ರಾಣದೊಳಗೆ ಹೋದರು. ಹೋಗಿದ್ದೇ ತಡ, ಕರೆಂಟು ಹೋಯಿತು. ಉಗ್ರಾಣಕ್ಕೆ ಕಿಟಕಿ ಇಲ್ಲ. ಒಳಗೆ ಡಬ್ಬಿಗಳ ಸಂತೆ. ಮಡಿಯಲ್ಲಿರುವವರು ಸ್ವಿಚ್ಚು, ಫೋನು ಮುಟ್ಟುವಂತಿಲ್ಲ, ಮುಟ್ಟಿದರೆ ಮತ್ತೆ ತಣ್ಣೀರು ಸ್ನಾನ. "ಯಾರರೆ ದೀಪ ತರ್ರೆವ್ವಾ!" ಎಂದು ಅತ್ತೆ ಕೂಗಿದರು. ರಾಯರು ಶೂರರಂತೆ ಎದ್ದರು, ಮೇಣದ ಬತ್ತಿ ಹುಡುಕಿದರು, ಬಾಗಿಲ ಹೊಸ್ತಿಲು ಎಡವಿದರು. ವಿದ್ಯಾಧೀಶನೋ, ಕೂತ ಜಾಗದಿಂದ ಕದಲಲಿಲ್ಲ. ಉಗ್ರಾಣದ ಹೊರಗಿನ ಗೂಡಿನಲ್ಲಿದ್ದ ತನ್ನ ಫೋನಿನ ಕಡೆ ತಿರುಗಿ, "ಹಲೋ ಫೋನ್, ಟಾರ್ಚ್ ಹಚ್ಚು," ಎಂದ. ಭಗ್ಗನೆ ಬೆಳಕು! ಬೆಲ್ಲದ ಡಬ್ಬಿ ಕಣ್ಣೆದುರು!

"ಆಹಾ! ನಮ್ಮ ವಿದ್ಯಾಧೀಶರು ಹೇಳಿದ್ರ ದೀಪ ತಾನಾಗೇ ಹತ್ತತದ!" ಎಂದು ಅತ್ತೆ ಊರಿಗೆಲ್ಲ ಕೇಳುವಂತೆ ಹೊಗಳಿದರು. ಆ ದಿನ ಊಟಕ್ಕೆ ಕೂತಾಗ ತುಪ್ಪದ ಮಿಳ್ಳಿ ರಾಯರ ಎಲೆ ದಾಟಿ ಹೋಗಿ, ವಿದ್ಯಾಧೀಶನ ಅನ್ನದ ಮೇಲೆ ಮೊದಲು ಬಗ್ಗಿತು. ರಾಯರ ಹೊಟ್ಟೆಯಲ್ಲಿ ಕಿಚ್ಚು ಎದ್ದದ್ದು ಅಲ್ಲೇ. ಎರಡನೆಯದಾಗಿ ಬಿದ್ದ ತುಪ್ಪ ಅವರಿಗೆ ಹರಳೆಣ್ಣೆಯಂತೆ ಇಳಿಯಿತು.

ಮರುದಿನವೇ ಹೊಸ ಫೋನು ಬಂತು. ಬೆಳಗ್ಗೆ ಸಂಜೆ ರಾಯರು ಹಿತ್ತಲಿನ ತುಳಸಿಕಟ್ಟೆಯ ಹಿಂದೆ ನಿಂತು ಅದಕ್ಕೆ ಪಾಠ ಮಾಡತೊಡಗಿದರು. "ಹಲೋ ಫೋನ್, ಟಾರ್ಚ್ ಹಚ್ಚು. ಹಲೋ ಫೋನ್, ಟಾರ್ಚ್ ಆರಿಸು." ಒಳಗಿನಿಂದ ಒಬ್ಬ ಹೆಣ್ಣುಮಗಳು, "ಆಯಿತು, ಟಾರ್ಚ್ ಹಚ್ಚಿದ್ದೇನೆ," ಎಂದು ಜೇನು ಸುರಿದಂತೆ ಉತ್ತರಿಸುತ್ತಿದ್ದಳು. ಮೂರನೆಯ ದಿನ ಗೋದಾಬಾಯಿ ಸೌಟು ಹಿಡಿದೇ ಹಿತ್ತಲಿಗೆ ಬಂದರು.

"ಯಾರ ಅಕಿ?"

"ಯಾರೂ ಅಲ್ಲ ಮಾರಾಯ್ತಿ, ಫೋನು!"

"ನನ್ನ ಕೂಡ ಇಷ್ಟು ಮೆತ್ತಗ ಎಂದ್ ಮಾತಾಡೀರಿ? ಇಪ್ಪತ್ತೆರಡು ವರ್ಷಾತು."

"ನೀ ಎಂದ್ ನನ್ನ ಮಾತು ಕೇಳಿ? ಈ ಮನಿಯಾಗ ನಾ ಹೇಳಿದ್ದು ಕೇಳೋದು ಇದೊಂದ!"

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹೊಟ್ಟೆಕಿಚ್ಚಿನ ಮನುಷ್ಯ ಅಷ್ಟಕ್ಕೆ ನಿಲ್ಲುತ್ತಾನೆಯೇ? ನಾಳೆ ಎಲ್ಲರೆದುರು ಆ ವಿದ್ಯಾಧೀಶ ನನ್ನ ಫೋನಿಗೂ ಆಜ್ಞೆ ಮಾಡಿಬಿಟ್ಟರೆ? ರಾಯರು ಸೆಟ್ಟಿಂಗಿನ ಹೊಟ್ಟೆ ಬಗೆದು, ತಮ್ಮ ಧ್ವನಿಯನ್ನು ಐದು ಸಲ ಕೇಳಿಸಿ, ತಮ್ಮೊಬ್ಬರ ಮಾತಿಗೆ ಮಾತ್ರ ಫೋನು ಓಗೊಡುವಂತೆ ಬಿಗಿ ಮಾಡಿದರು. ಗೋದಾಬಾಯಿ ಕೂಗಿ ನೋಡಿದರು, ಅದು ಉಸಿರೆತ್ತಲಿಲ್ಲ. ಪತಿವ್ರತೆ ಎಂದರೆ ಹೀಗಿರಬೇಕು ಎಂದು ರಾಯರು ಬೀಗಿದರು.

ಸಾಧನ ದ್ವಾದಶಿಗೆ ಮುಹೂರ್ತ ಇಟ್ಟರು. ಏಕಾದಶಿ ಇಡೀ ದಿನ ನೀರೂ ಇಲ್ಲದ ಉಪವಾಸ, ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಪಾರಣೆಯ ಊಟ. ಈ ಸಲ ಊಟ ರಾಯರ ಮನೆಯಲ್ಲೇ. ಕಂಪ್ಲಿಯಿಂದ ಅತ್ತೆ, ಸಂಡೂರಿನಿಂದ ವಿದ್ಯಾಧೀಶ ಮತ್ತು ಅವನ ಹೆಂಡತಿ ಶ್ರೀಲಕ್ಷ್ಮೀ ಬರುವವರಿದ್ದರು. ಕತ್ತಲೆಯಲ್ಲಿ ಊಟ, ಎದುರಿಗೆ ಅತ್ತೆ! ಇನ್ನು ಬೇಕಾದದ್ದು ಕರೆಂಟು ಹೋಗುವುದೊಂದೇ.

ಆದರೆ ದಿನಕ್ಕೆ ಐದು ಸಲ ಹೋಗುತ್ತಿದ್ದ ಕರೆಂಟು ಒಂದು ವಾರದಿಂದ ಹೋಗಲೇ ಇಲ್ಲ! ರಾಯರ ಮೇಲೆ ಅದಕ್ಕೆ ಯಾವ ಜನ್ಮದ ಹಗೆಯೋ! ಕೊನೆಗೆ ಅವರು ಪಕ್ಕದ ಮನೆಯ ಎರ್ರಿಯಪ್ಪನನ್ನು ಹಿಡಿದರು. ಎರ್ರಿಯಪ್ಪ ಮೂವತ್ತೈದು ವರ್ಷ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ರಾಯರ ಮನೆಯ ಮೀಟರು ಹೊರಗಿನ ಕಟ್ಟೆಯ ಮೇಲೇ ಇದೆ.

"ಬೆಳಿಗ್ಗೆ ಐದೂವರಿಗೆ ನಮ್ಮನಿ ಫ್ಯೂಸ್ ಕಿತ್ತಬಿಡು. ಯಾರಿಗೂ ಹೇಳಬ್ಯಾಡ. ನಾ 'ಹಾಕಪ್ಪಾ' ಅಂತ ಕೂಗಿದ ಮ್ಯಾಲೆ ಹಾಕು."

"ಕೂಗೋತನಕ ಹಾಕಂಗಿಲ್ಲ ಬಿಡ್ರಿ. ಫ್ಯೂಸ್ ಕಿತ್ತವ ಕೈಯಾಗ ಇಟ್ಕಂಡೇ ನಿಂದ್ರಬೇಕು. ಇಲ್ಲಾಂದ್ರ ಯಾವನೋ ಬಂದು ಹಾಕ್ತಾನ, ಕಂಬದ ಮ್ಯಾಲಿದ್ದವ ಸಾಯ್ತಾನ. ಅದು ನಮ್ಮ ಲೈನಿನ ರೂಲ್ ಐತ್ರಿ," ಎಂದ ಎರ್ರಿಯಪ್ಪ.

ಏಕಾದಶಿಯ ಸಂಜೆ ಎಲ್ಲರೂ ಬಂದಿಳಿದರು. ರಾಯರು ಇನ್ವರ್ಟರ್ ಕೆಟ್ಟಿದೆ ಎಂದು ಸುಳ್ಳು ಹೇಳಿ ಅದನ್ನು ಬಂದ್ ಮಾಡಿದರು. "ಪಾರಣಿ ಹೊತ್ತಿನಾಗ ಯಾಕ್ರಿ ಮನಿ ತುಂಬ ಫೋನು? ನಂದೊಂದಿರ್ಲಿ ಸಾಕು," ಎಂದು ಉಳಿದವರ ಫೋನುಗಳನ್ನೆಲ್ಲ ವಸೂಲಿ ಮಾಡಿ ಕಪಾಟಿನಲ್ಲಿಟ್ಟು ಬೀಗ ಜಡಿದರು. ವಿದ್ಯಾಧೀಶನ ಫೋನಂತೂ ಸ್ವಿಚ್ ಆಫ್ ಆಗಿಯೇ ಒಳಗೆ ಹೋಯಿತು.

ಅಷ್ಟರಲ್ಲಿ ಅತ್ತೆ ತಮ್ಮ ಯಜಮಾನರ ನೆನಪು ತೆಗೆದರು. "ಅವರು ದ್ವಾದಶಿ ಊಟಕ್ಕ ಕೂತ್ರ ತುಟಿ ಬಿಚ್ಚತಿರಲಿಲ್ಲ. ಮೌನ! ಈಗಿನವರಿಗೆಲ್ಲಿ ಆಗತದ?"

ವಿದ್ಯಾಧೀಶ ನಕ್ಕ. "ನನ್ನ ಕೈಲಿ ಆಗೂದಿಲ್ರಿ ಅತ್ತಿ. ಹುಳಿ ಬೇಕಂದ್ರ ಕೇಳಲೇಬೇಕಲ್ರಿ!"

ರಾಯರಿಗೆ ತಡೆಯಲಾಗಲಿಲ್ಲ. ಒಂದೇ ಊಟದಲ್ಲಿ ಎರಡು ಗೆಲುವು! ಮೊದಲು ಟಾರ್ಚು, ಆಮೇಲೆ ಮೌನ! "ನಾನು ಮೌನದಾಗೇ ಉಣ್ಣೋದು ಅತ್ತಿ. ಆಪೋಶನ ತಗೊಂಡ್ನೆಂದ್ರ ಮುಗೀತು. ಒಂದು ಮಾತು ಬಾಯಿಂದ ಬಂದ್ರ ಎಲಿ ಬಿಟ್ಟು ಎದ್ದುಬಿಡಾಂವ!"

"ಯಾವಾಗಿಂದ್ರಿ?" ಎಂದು ಗೋದಾಬಾಯಿ ಬೆರಗಾಗಿ ಕೇಳಿದರು. ಅತ್ತೆಯ ಕಣ್ಣು ತುಂಬಿ ಬಂದಿತ್ತು.

ಬೆಳಗ್ಗೆ ಐದು ನಲವತ್ತಕ್ಕೆ ಎಲೆ ಹಾಕುವುದೆಂದು ಮಾತಾಗಿತ್ತು. ಆದರೆ ಉಪವಾಸದಿಂದ ಬಾಡಿದ ಅಳಿಯಂದಿರ ಮುಖ ನೋಡಿ ಅತ್ತೆಯ ಕರುಳು ಚುರುಕ್ ಎಂದಿತು. ಐದು ಇಪ್ಪತ್ತಕ್ಕೇ ಎಲೆ ಬಿತ್ತು! ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಸಾಸಿವೆ, ಹೆಸರುಬೇಳೆ ತೊವ್ವೆ, ಮೇಲೆ ಅನ್ನ. ರಾಯರು ಗಡಿಯಾರ ನೋಡಿದರು. ಎಲೆಯ ಸುತ್ತ ಎರಡು ಸಲ ನೀರು ಕಟ್ಟಿದರು. ಬರುವ ಮಂತ್ರ, ಬಾರದ ಮಂತ್ರ ಎಲ್ಲ ಹೇಳಿದರು. "ಹೊತ್ತಾಗತದ, ಆಪೋಶನ ತಗೊಳ್ರಿ," ಎಂದರು ಅತ್ತೆ. ಎಷ್ಟು ಹೊತ್ತು ಜಗ್ಗಲಾದೀತು? ಐದು ಇಪ್ಪತ್ತೊಂಬತ್ತಕ್ಕೆ ರಾಯರು ಅಂಗೈಯ ನೀರು ಕುಡಿದು ಆಪೋಶನ ತೆಗೆದುಕೊಂಡರು. ಬಾಯಿಗೆ ಬೀಗ ಬಿತ್ತು.

ಅತ್ತೆ ತುಪ್ಪದ ಮಿಳ್ಳಿ ಎತ್ತಿಕೊಂಡು ಬಂದರು. ಸೀದಾ ರಾಯರ ಎಲೆಯ ಕಡೆಗೇ! ಮೌನಕ್ಕೆ ಒಲಿದ ತುಪ್ಪ! ರಾಯರ ಎದೆ ಹಿಗ್ಗಿತು. ಟಾರ್ಚಿಲ್ಲದೆಯೇ ಗೆದ್ದಂತಾಯಿತು. ಅತ್ತೆ ಬಗ್ಗಿದರು, ಮಿಳ್ಳಿ ವಾಲಿತು...

ಸರಿಯಾಗಿ ಐದೂವರೆ. ಮೂವತ್ತೈದು ವರ್ಷದ ನೌಕರಿಯಲ್ಲಿ ಒಂದು ದಿನವೂ ಹೇಳಿದ ಹೊತ್ತಿಗೆ ಬಾರದ ಎರ್ರಿಯಪ್ಪ ಅಂದು ನಿಮಿಷ ತಪ್ಪದೆ ಬಂದಿದ್ದ. ಮನೆಯೆಲ್ಲ ಗವ್ವೆಂದಿತು!

"ಅಯ್ಯ, ನಿಲ್ರಿ, ನಿಲ್ರಿ! ದೀಪ ಹೋದ್ರ ಉಣ್ಣಬಾರದು! ಎಲಿ ಮ್ಯಾಲೆ ಕೈ ಇಟ್ಕೊಂಡು ಕೂಡ್ರಿ!" ಎಂದು ಅತ್ತೆ ಇದ್ದಲ್ಲೇ ನಿಂತರು. ಅವರ ಮಗ್ಗುಲಲ್ಲೇ ಶ್ರೀಲಕ್ಷ್ಮೀ ಕುದಿಯುವ ಸಾರಿನ ಪಾತ್ರೆ ಹಿಡಿದು ಕಲ್ಲಾಗಿ ನಿಂತಿದ್ದಳು. ಕೆಳಗಿಡೋಣವೆಂದರೆ ನೆಲ ಯಾವುದು, ಎಲೆ ಯಾವುದು ತಿಳಿಯದು, ಒಂದು ಹೆಜ್ಜೆ ತಪ್ಪಿದರೆ ಸಾರು ಯಾರ ತಲೆಯ ಮೇಲೋ! ದೇವರ ದೀಪವನ್ನು ಊಟಕ್ಕೆ ತರುವಂತಿಲ್ಲ. ಹೆಂಗಸರು ಮೂವರೂ ಮಡಿ, ಫೋನು ಮುಟ್ಟುವಂತಿಲ್ಲ. ಗಂಡಸರಿಬ್ಬರೂ ಎಲೆ ಬಿಟ್ಟು ಎದ್ದರೆ ಊಟ ಮುಗಿದಂತೆ. ರಾಯರ ಫೋನು ಎದುರಿನ ಗೂಡಿನಲ್ಲಿ, ಟಾರ್ಚಿರುವ ಬೆನ್ನನ್ನು ಹೊರಬಾಗಿಲಿಗೆ ಮಾಡಿ ಕೂತಿತ್ತು. ಕೈಯಿಂದ ಆಗದ್ದು ಬಾಯಿಂದಲೇ ಆಗಬೇಕು. ಹೊಂಚು ಹಾಕಿದ ಗಳಿಗೆ ಎಂದರೆ ಇದೇ! ಆದರೆ ಬಾಯಿ?

"ರೀ! ನಿಮ್ಮ ಅಕಿಗೆ ಹೇಳ್ರಲ್ಲ, ದೀಪ ಹಚ್ಚಲಿ!" ಎಂದರು ಗೋದಾಬಾಯಿ.

"ಮ್ಮ್... ಮ್ಮ್‌ಹ್ಮ್!" ಎಂದರು ರಾಯರು.

"ಅವರು ಮೌನ ಅದಾರ, ನೀನ ಹೇಳವ್ವಾ ಗೋದಾ," ಎಂದರು ಅತ್ತೆ.

"ಹಲೋ ಫೋನ್, ಟಾರ್ಚ್ ಹಚ್ಚು!" ಗೋದಾಬಾಯಿ ಕೂಗಿದರು. ಫೋನು ಮಿಸುಕಲಿಲ್ಲ. ಶ್ರೀಲಕ್ಷ್ಮೀ ಕೂಗಿದಳು. ಮಿಸುಕಲಿಲ್ಲ. ವಿದ್ಯಾಧೀಶ ಸಣ್ಣ ಧ್ವನಿ, ದಪ್ಪ ಧ್ವನಿ, ಕಂಪನಿಯಲ್ಲಿ ಲಾರಿ ಕರೆಯುವ ಧ್ವನಿ, ಎಲ್ಲದರಲ್ಲೂ ಕೂಗಿದ. ಕೊನೆಗೆ ಅತ್ತೆಯೇ, "ಹಲೋ ಫೋನಪ್ಪಾ, ಟಾರ್ಚ್ ಹಚ್ಚಪ್ಪಾ, ಪುಣ್ಯಾ ಬರ್ತದ," ಎಂದು ಬೇಡಿಕೊಂಡರು. ಊಹೂಂ! ರಾಯರು ಕಲಿಸಿದ ಪಾಠ ಅಷ್ಟು ಗಟ್ಟಿ!

"ಅವರ ಧ್ವನಿಗೆ ಮಾತ್ರ ಕೇಳೋ ಹಂಗ ಮಾಡ್ಯಾರವ್ವ ಪುಣ್ಯಾತ್ಮರು," ಎಂದು ಗೋದಾಬಾಯಿ ನಿಟ್ಟುಸಿರಿಟ್ಟರು. "ವಿದ್ಯಾಧೀಶರ ಫೋನಿಗಾದ್ರೂ ಹೇಳಬಹುದಿತ್ತು, ಅದು ಕಪಾಟಿನಾಗ ಸತ್ತು ಬಿದ್ದದ!"

ಹೊರಗೆ ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ರಾಯರಿಗೆ ಮಾತ್ರ ಗೊತ್ತು ಅದು ಯಾರ ಕೆಮ್ಮೆಂದು. 'ಹಾಕಪ್ಪಾ' ಎಂದರೆ ಸಾಕು, ಮನೆಯೆಲ್ಲ ಬೆಳಕು. ಎಂದರೆ ಎಲೆ ಬಿಡಬೇಕು. ಮೂಗಿನ ಕೆಳಗೆ ತೊವ್ವೆಯ ಒಗ್ಗರಣೆ ಘಮ್ಮೆನ್ನುತ್ತಿತ್ತು. ಮೂವತ್ತಾರು ಗಂಟೆಯ ಹಸಿವು ಹೊಟ್ಟೆಯೊಳಗೆ ದೊಂಬಿ ಎಬ್ಬಿಸಿತ್ತು. ಮೇಲೆ, ಗಾಳಿಯಲ್ಲಿ, ಕತ್ತಲೆಯಲ್ಲಿ ತಮ್ಮ ಪಾಲಿನ ಮೊದಲ ತುಪ್ಪ ತೂಗಾಡುತ್ತಿತ್ತು. ರಾಯರು ಹಲ್ಲು ಕಚ್ಚಿ ಕೂತರು.

"ಅವ್ವಾ, ಕೈ ಸುಡ್ಲಿಕ್ಹತ್ಯದ! ಪಾತ್ರಿ ಜಾರತದ!" ಎಂದು ಶ್ರೀಲಕ್ಷ್ಮೀ ಚೀರಿದಳು.

ಆ ಸಾರು ತಮ್ಮ ಬೋಳುತಲೆಯ ನೇರಕ್ಕೇ ಇದೆಯೆಂದು ರಾಯರಿಗೆ ಒಮ್ಮೆಲೆ ಹೊಳೆಯಿತು. ವ್ರತ, ಪಂತ, ಪ್ರತಿಜ್ಞೆ ಎಲ್ಲ ಒಟ್ಟಿಗೆ ಬಾಯಿಂದ ಹಾರಿಹೋಯಿತು.

"ಹಲೋ ಫೋನ್! ಟಾರ್ಚ್ ಹಚ್ಚು!"

"ಆಯಿತು, ಟಾರ್ಚ್ ಹಚ್ಚಿದ್ದೇನೆ," ಎಂದಳು ಒಳಗಿನವಳು.

ಭಗ್ಗನೆ ಬೆಳಕು ಹೊರಟಿತು. ಸೀದಾ ಹೊರಬಾಗಿಲಿಗೆ! ಅಲ್ಲಿ ಎರ್ರಿಯಪ್ಪ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. ಎತ್ತಿ ಹಿಡಿದ ಕೈಯಲ್ಲಿ ಬೆಳ್ಳಗೆ ಪಿಂಗಾಣಿ ಫ್ಯೂಸು.

"ರಾಯ್ರ, ನೀವು ಹೇಳ್ದಂಗ ಕರೆಕ್ಟ್ ಐದೂವರಿಗೆ ಕಿತ್ತೀನ್ರಿ. 'ಹಾಕಪ್ಪಾ' ಅಂತ ಇನ್ನಾ ಯಾಕ ಕೂಗವಲ್ರಿ ಅಂತ ಕೇಳಾಕ ಬಂದೆ."

ಶ್ರೀಲಕ್ಷ್ಮೀ ಪಾತ್ರೆಯನ್ನು ನೆಲಕ್ಕಿಟ್ಟಳು. ಗೋದಾಬಾಯಿ ಗಂಡನನ್ನು ನೋಡಿದರು. ಗಂಡ ಅಗಸೆ ಸೊಪ್ಪನ್ನು ನೋಡಿದರು.

"ಹಾಕಪ್ಪಾ..." ಎಂದರು ರಾಯರು ಕ್ಷೀಣವಾಗಿ. ಎರ್ರಿಯಪ್ಪ ಹೋಗಿ ಹಾಕಿದ. ಹೊರಗೆ ಢಬ್ ಎಂದಿತು. "ವೈರು ಸುಟ್ತು ನೋಡ್ರಿ! ಮನಿಗೆ ಹೋಗಿ ಬ್ಯಾರೆ ತರ್ತೀನಿ, ಹತ್ತು ನಿಮಿಷ!" ಎಂಬ ದನಿ ದೂರವಾಯಿತು.

ಅತ್ತೆಯ ಮನಸ್ಸು ಮೆದು. "ಹೋಗ್ಲಿ ಬಿಡ್ರಿ, ಉಣ್ರಿ," ಎನ್ನುವುದರಲ್ಲಿದ್ದರು. ಅಷ್ಟರಲ್ಲಿ ವಿದ್ಯಾಧೀಶ ಕೈ ಜೋಡಿಸಿದ. "ಬ್ಯಾಡ್ರಿ ಅತ್ತಿ! ಒಂದು ಮಾತು ಬಂದ್ರ ಎದ್ದುಬಿಡಾಂವ ಅಂತ ನಿನ್ನೆ ಅವರ ಹೇಳ್ಯಾರ. ದೊಡ್ಡವರ ವ್ರತಾ ನಾವು ಕೆಡಸಬಾರದು."

ರಾಯರು ಎದ್ದರು. ತಿನ್ನದ ಕೈಯನ್ನು ತೊಳೆದುಕೊಂಡರು. ಮನೆಯಲ್ಲಿ ಈಗ ಮಡಿಯಿಲ್ಲದ, ಎಲೆಯೂ ಇಲ್ಲದ ಮನುಷ್ಯ ಅವರೊಬ್ಬರೇ. ಆದ್ದರಿಂದ ಬಾಗಿಲಿಗೆ ಬೆಳಕು ಬಿಡುತ್ತಿದ್ದ ಫೋನನ್ನು ಗೂಡಿನಿಂದ ತೆಗೆದು, ಉಣ್ಣುವವರ ಎಲೆಯ ಮೇಲೆ ಹಿಡಿಯುವ ಕೆಲಸವೂ ಅವರಿಗೇ ಬಿತ್ತು. ಆ ಬೆಳಕಿನಲ್ಲಿ ತುಪ್ಪದ ಮಿಳ್ಳಿ ನಿಧಾನವಾಗಿ ಪಕ್ಕಕ್ಕೆ ಸರಿದು, ವಿದ್ಯಾಧೀಶನ ಅನ್ನದ ಗುಡ್ಡದ ಮೇಲೆ ಬಗ್ಗಿತು. ಪ್ರತಿಯೊಂದು ಹನಿಯೂ ರಾಯರಿಗೆ ಸ್ಪಷ್ಟವಾಗಿ ಕಂಡಿತು. ಹೊಸ ಫೋನು, ಬೆಳಕು ಬಹಳ ಚೆನ್ನಾಗಿತ್ತು.

ಬಡಿಸಿ ನೆಟ್ಟಗೆ ನಿಂತ ಅತ್ತೆ ಹಿರಿಯ ಅಳಿಯನ ಕಡೆ ನೋಡಿ ಮನಸಾರೆ ಹೊಗಳಿದರು. ಒಂದು ತಿಂಗಳಿಂದ ರಾಯರು ಹಂಬಲಿಸಿದ ಮಾತು ಅದೇ, ಒಂದು ಅಕ್ಷರ ಆಚೀಚೆ ಇಲ್ಲ.

"ನಮ್ಮ ವೆಂಕೋಬರಾಯರು ಹೇಳಿದ್ರ ದೀಪ ತಾನಾಗೇ ಹತ್ತತದ!"

"ಹತ್ತತದವ್ವ," ಎಂದರು ಗೋದಾಬಾಯಿ, ಪಾಯಸದ ಪಾತ್ರೆ ತರುತ್ತ. "ರೀ, ಒಂಚೂರು ಈ ಕಡೆ ಹಿಡೀರಿ. ವಿದ್ಯಾಧೀಶರಿಗೆ ಗೋಡಂಬಿ ಹುಡುಕಿ ಹಾಕಬೇಕು."