ರತ್ನಮ್ಮನ ಮೊಪೆಡ್ಡೂ ನನ್ನ ಸ್ಕ್ರೂಡ್ರೈವರೂ

ಕಾರ್ಬೊರೇಟರ್ ಎಂದರೆ ಹೆದರುವಂಥದ್ದೇನಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಪುಟ್ಟ ಡಬ್ಬಿ. ಮೊಸರಿಗೆ ನೀರು ಬೆರೆಸಿ ಮಜ್ಜಿಗೆ ಮಾಡುವವನಿಗೆ ಇದ್ಯಾವ ಮಹಾ ವಿದ್ಯೆ! ಹೀಗೆಂದುಕೊಂಡೇ ಆ ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ನನ್ನ ಹೆಂಡತಿಯ ಮೊಪೆಡ್ಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ.

ರತ್ನಮ್ಮ ತೀರಿಕೊಂಡ ಮೇಲೆ ಅದು ಮೂಲೆ ಸೇರಿತ್ತು. ಅವಳು ಕ್ಯಾಸಂಬಳ್ಳಿಯಿಂದ ಸೊಪ್ಪು ತಂದು ರಾಬರ್ಟ್‌ಸನ್‌ಪೇಟೆಯಲ್ಲಿ ಮಾರುತ್ತಿದ್ದಳು. ಓಡಿಸುವವಳು ಅವಳು. ಹಿಂದಿನ ಸೀಟಿನಲ್ಲಿ ಸೊಪ್ಪಿನ ಮೂಟೆ ತಬ್ಬಿಕೊಂಡು ನಾನು. ಓಡಿಸಲು ಕಲಿಯಲೇ ಇಲ್ಲ. ಊರಿಗಾಂನ ಗಣಿ ಕಾಲೊನಿಯಲ್ಲಿ ಸಾಲಾಗಿ ನಿಂತ ನಮ್ಮ ಲೈನ್ ಮನೆಯ ಮುಂದೆ ನಿಂತರೂ ಅವಳು ಎಂಜಿನ್ ಕೂಡಲೇ ಆರಿಸುತ್ತಿರಲಿಲ್ಲ. ಅದು ಟುಕುಟುಕು ಎನ್ನುತ್ತ, ನಡುವೆ ಒಮ್ಮೆ ಕೆಮ್ಮಿ, ಮತ್ತೆ ಟುಕುಟುಕು ಎನ್ನುತ್ತಿತ್ತು. ಆ ಸದ್ದಿಗೆ ಬೀದಿನಾಯಿ ಕರಿಯ ಎಲ್ಲಿದ್ದರೂ ಓಡಿ ಬರುತ್ತಿದ್ದ.

ಈಗ ಆಕ್ಸಲರೇಟರ್ ಬಿಟ್ಟರೆ ಗಾಡಿ ಸಾಯುತ್ತಿತ್ತು. ಕೊಟ್ಟರೆ ಎಂಜಿನ್ ಕಾದ ಹಂಚು! ಬಂಗಾರಪೇಟೆಯ ಮಗಳು ಸುಮ ಫೋನಿನಲ್ಲಿ ತೀರ್ಪು ಕೊಟ್ಟಿದ್ದಳು.

"ಅಪ್ಪಾ, ನಿಂಗೆ ಓಡ್ಸಕ್ಕೆ ಬರಲ್ಲ, ಅದು ಓಡಲ್ಲ. ಇಬ್ರೂ ಎದುರುಬದುರು ಕುಂತು ಏನ್ ಮಾಡ್ತೀರ? ಭಾನುವಾರ ಗುಜರಿಯವನ್ನ ಕರ್ಕೊಂಡ್ ಬತ್ತೀನಿ."

"ಓಡಿದ್ರೆ?"

"ಓಡಿದ್ರೆ ಇಟ್ಕೋ."

ಆದ್ದರಿಂದ ಶಸ್ತ್ರಚಿಕಿತ್ಸೆ!

ಎರಡು ತಿರುಪುಗಳಿದ್ದವು. ಪೆಡಲ್ ತುಳಿದು ಸ್ಟಾರ್ಟ್ ಮಾಡುತ್ತ, ಆರಿದರೆ ಮತ್ತೆ ತುಳಿಯುತ್ತ, ಮೊದಲನೆಯದನ್ನು ಎಡಕ್ಕೂ ಬಲಕ್ಕೂ ತಿರುಗಿಸಿದೆ. ಕೈಯೆಲ್ಲ ಮಸಿ. ಒರೆಸಿಕೊಳ್ಳಲು ಒಂದು ಬಟ್ಟೆ ಚೂರು ಇತ್ತು. ಸೂತಕ ಕಳೆದು ಮನೆಯೆಲ್ಲ ತೊಳೆದ ದಿನ, ಇದೂ ಮನೆಯದೇ ಅಲ್ಲವೇ ಎಂದು ಮೊಪೆಡ್ಡನ್ನೂ ತೊಳೆದಿದ್ದೆ. ಅದರ ಗಾಳಿ ಹೋಗುವ ಬಾಯಲ್ಲಿ ರತ್ನಮ್ಮನ ಹಳೇ ಸೀರೆಯ ಆ ಚೂರು ತುರುಕಿತ್ತು. ಕಸವೆಂದು ತೆಗೆದು, ಒಗೆದು ಇಟ್ಟುಕೊಂಡಿದ್ದೆ. ಶುದ್ಧಿ ಎಂದರೆ ಶುದ್ಧಿ!

ಎರಡನೇ ತಿರುಪು ಕೊಂಚ ಅಲುಗಿದ್ದೇ ತಡ, ಟುಕುಟುಕು. ಒಂದು ಕೆಮ್ಮು. ಟುಕುಟುಕು.

ಕರಿಯ ಎಲ್ಲಿಂದಲೋ ಓಡಿ ಬಂದ. ನನ್ನನ್ನು ದಾಟಿ ಹೋಗಿ, ಖಾಲಿ ಸೀಟಿನತ್ತ ತಲೆಯೆತ್ತಿ ಬಾಲ ಅಲ್ಲಾಡಿಸತೊಡಗಿದ. ಬೆನ್ನ ಹಿಂದೆ ಪಕ್ಕದ ಮನೆಯ ಸೆಲ್ವಿಯ ದನಿ ಕೇಳಿತು.

"ರತ್ನಕ್ಕಾ, ಎರಡು ಕಟ್ಟು ದಂಟು..."

ತಿರುಗಿದೆ. ಅವಳ ಕೈಯ ಬುಟ್ಟಿ ಬಿತ್ತು.

"ಮುರುಗಾ! ಅಣ್ಣಾ, ಯಾರು ಬಂದಿದ್ದು?"

"ಯಾರೂ ಇಲ್ಲ ಸೆಲ್ವಿ, ನಾನೇ."

"ನೀವು ಇಲ್ಲೇ ಇದ್ರಲ್ಲಾ!"

ಅಷ್ಟರಲ್ಲಿ ಎಂಜಿನ್ ಆರಿತು. ಅಲ್ಲಿಗೆ ಬಿಟ್ಟಿದ್ದರೆ ನಾನು ಜಾಣ ಎನಿಸಿಕೊಳ್ಳುತ್ತಿದ್ದೆ. ಮತ್ತೆ ಸ್ಟಾರ್ಟ್ ಮಾಡಿ, ಕೈಗೆ ಸಿಕ್ಕ ತಿರುಪನ್ನು ಪೂರ್ತಿ ತಿರುಗಿಸಿದೆ. ಮೊಪೆಡ್ ಅರಚಿಕೊಂಡಿತು! ಆಕ್ಸಲರೇಟರ್ ಮೇಲೆ ಯಾರ ಕೈಯೂ ಇಲ್ಲ. ಸ್ಟ್ಯಾಂಡಿನ ಮೇಲೆ ಅದುರುತ್ತ ಬೀದಿಯ ಕಡೆಗೆ ಇಂಚಿಂಚೇ ಸರಿಯತೊಡಗಿತು. ಎಂಜಿನ್ ಸುಟ್ಟ ವಾಸನೆ. ಕೀಲಿ ತಿರುಗಿಸಿದೆ. ನಿಲ್ಲಲಿಲ್ಲ. ಕೀಲಿಯನ್ನೇ ಕಿತ್ತೆ.

ಕೀಲಿ ನನ್ನ ಕೈಯಲ್ಲಿದೆ. ಗಾಡಿ ಓಡುತ್ತಲೇ ಇದೆ.

ಗಣಿ ಮಣ್ಣಿನ ಗುಡ್ಡದ ಕಡೆಯಿಂದ ಗಾಳಿ ಎದ್ದು ಬಿಳಿ ಧೂಳು ಲೈನನ್ನೆಲ್ಲ ಮುಚ್ಚಿತು. ನೋಡಲು ತೆರೆದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಕರಿಯ ಮಾತ್ರ ಸೀಟನ್ನೇ ನೋಡುತ್ತಿದ್ದ. ಸೆಲ್ವಿ ಕರ್ಪೂರ ಹಚ್ಚಿ ತಂದಳು.

"ಮಾರಲ್ಲ ಅಂತ ಬಾಯಿಬಿಟ್ಟು ಹೇಳಿ ಅಣ್ಣಾ! ಅಕ್ಕನಿಗೆ ಕೋಪ!"

"ಪೆಟ್ರೋಲ್ ಇದೆ ಸೆಲ್ವಿ, ಕರ್ಪೂರ ದೂರ ಹಿಡಿ!" ಎಂದು ಕಿರುಚಿದ ನಾನೇ ಮರುಗಳಿಗೆ ಕೈಮುಗಿದು ನಿಂತಿದ್ದೆ. "ಮಾರಲ್ಲ ಕಣೇ, ನಿಲ್ಸೇ ರತ್ನಾ!"

ನಿಲ್ಲಿಸಲಿಲ್ಲ. ಬದುಕಿದ್ದಾಗ ನನ್ನ ಮಾತು ಕೇಳಿದವಳೇ?

ದಿಕ್ಕು ತೋಚದೆ, ಕೈಲಿದ್ದ ಬಟ್ಟೆಯನ್ನು ಆ ಗಾಳಿಯ ಬಾಯಿಗೇ ತುರುಕಿದೆ. ಅರಚಾಟ ಇಳಿಯಿತು. ಟುಕುಟುಕು. ಒಂದು ಕೆಮ್ಮು. ಟುಕುಟುಕು. ಆಗ ಹೊಳೆಯಿತು. ಗಣಿ ಧೂಳು ಒಳಗೆ ಹೋಗದಂತೆ ಅವಳು ಬಟ್ಟೆ ತುರುಕಿ, ಅದಕ್ಕೆ ತಕ್ಕಂತೆ ತಿರುಪು ಹೊಂದಿಸಿದ್ದಳು. ನಾನು ಬಟ್ಟೆ ಕಿತ್ತ ಮೇಲೆ ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತಿತ್ತು. ಹಾಗೆ ಕಾದು ಕೆಂಡವಾದ ಎಂಜಿನ್ನಿಗೆ ಕೀಲಿಯ ಕಿಡಿಯೂ ಬೇಕಿರಲಿಲ್ಲ. ದೆವ್ವ ಹಿಡಿಸಿದವನು ನಾನೇ!

ಪೆಟ್ರೋಲ್ ಬರುವ ನಲ್ಲಿಯನ್ನು ತಿರುಗಿಸಿದ್ದರೆ ಆರುತ್ತಿತ್ತು. ಅದರ ಮೇಲೆ ಕೈಯಿಟ್ಟೆ. ತಿರುಗಿಸಲಿಲ್ಲ. ಕೇಳುತ್ತ ಕೂತೆ. ಕೊನೆಗೊಮ್ಮೆ ಕೆಮ್ಮಿ ತಾನಾಗಿಯೇ ನಿಂತಿತು.

ಆಗಲೇ ಸುಮ ಬಂದಳು, ಜೊತೆಗೆ ಗುಜರಿಯವನು. ಅವಳು ಪೆಡಲ್ ತುಳಿದಳು. ಉಸಿರಿಲ್ಲ. ಮತ್ತೆ ತುಳಿದಳು.

"ಎಲ್ಲಪ್ಪಾ ಓಡ್ತು?"

"ಓಡ್ತು ಸುಮಾ!" ಸೆಲ್ವಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಕೀಲಿ ಇಲ್ದೇನೇ ಓಡ್ತು. ಅಕ್ಕಾನೇ!"

ಗುಜರಿಯವನು ಮೊಪೆಡ್ ನೋಡಿದ. ಕರ್ಪೂರದ ಮಸಿ ನೋಡಿದ. ಸೀಟನ್ನು ನೋಡುತ್ತಿದ್ದ ನಾಯಿಯನ್ನು ನೋಡಿದ.

"ಇದು ನಂಗ್ ಬ್ಯಾಡಮ್ಮ. ಕೊಟ್ರೂ ಬ್ಯಾಡ" ಎಂದು ಹೊರಟೇಹೋದ.

ಸುಮ ಟ್ಯಾಂಕಿನ ಮುಚ್ಚಳ ತೆಗೆದು ಗಾಡಿ ಅಲುಗಿಸಿದಳು. ಒಣ ಟ್ಯಾಂಕು!

"ಆರ್ಸಕ್ಕೇನಾಗಿತ್ತು ನಿಂಗೆ?"

ಅವಳು ಗಾಳಿಯ ಬಾಯಲ್ಲಿದ್ದ ಸೀರೆಯ ಚೂರನ್ನು ಬೆರಳಿನಿಂದ ಮುಟ್ಟಿ, ಇನ್ನಷ್ಟು ಒಳಕ್ಕೆ ಒತ್ತಿ, ಪೆಟ್ರೋಲ್ ತರಲು ಬಾಟಲಿ ಹುಡುಕಿದಳು.

ಈಗ ಸಂಜೆಗಳಲ್ಲಿ ಸ್ಟ್ಯಾಂಡ್ ಹಾಕಿದಂತೆಯೇ ಸ್ಟಾರ್ಟ್ ಮಾಡಿ, ಅಭ್ಯಾಸಬಲದಿಂದ ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಕರಿಯ ಬರುತ್ತಾನೆ. ಕೈ ಚಾಚಿದರೆ ಮುಂದಿನ ಸೀಟು ಬೆಚ್ಚಗಿರುತ್ತದೆ, ಯಾರೋ ಈಗಷ್ಟೇ ಎದ್ದು ಹೋದಂತೆ. ಸುಮಳಿಗೆ ಹೇಳಿದೆ.

"ಎಂಜಿನ್ ಇನ್ನೂ ಬಿಸಿಯಾಗ್ತೈತೆ ಅಷ್ಟೇ ಅಪ್ಪಾ. ಇನ್ನೊಂದ್ ಸುತ್ತು ತಿರುಪು ತಿರುಗ್ಸು, ಸರಿಹೋಯ್ತದೆ" ಎಂದಳು.

ಸ್ಕ್ರೂಡ್ರೈವರನ್ನು ಸೆಲ್ವಿಗೆ ದಾನ ಮಾಡಿಬಿಟ್ಟೆ!