ವಾರಕ್ಕೆ ಏಳು ಮಂಗಳವಾರ

ಕೊತ್ತತ್ತಿಯ ಚೌಡಯ್ಯನ ಮನೆಯಲ್ಲಿ ವಾರಕ್ಕೆ ಏಳು ಮಂಗಳವಾರ. ಗೋಡೆಯ ಕ್ಯಾಲೆಂಡರು ಏನು ಬೇಕಾದರೂ ಹೇಳಿಕೊಳ್ಳಲಿ, ಸಾಯಂಕಾಲ ದನ ಕೊಟ್ಟಿಗೆಗೆ ಬರುವ ಹೊತ್ತಿಗೆ ಆ ಮನೆಯಲ್ಲಿ ಮಂಗಳವಾರವೇ. ಈ ಅಪೂರ್ವ ಪಂಚಾಂಗದ ಕರ್ತೃ ಆ ಮನೆಯ ಸೊಸೆ ಹೊಂಬಾಳಮ್ಮ. ಹಾಗೆಂದು ಅವಳೇನೂ ಜೋಯಿಸರ ಮಗಳಲ್ಲ. ಮೂರು ವರ್ಷದ ಮಗಳನ್ನು ಸೊಂಟದಲ್ಲೂ ಎಪ್ಪತ್ತು ದಾಟಿದ ಅತ್ತೆಯನ್ನು ಕಣ್ಣಲ್ಲೂ ಇಟ್ಟುಕೊಂಡು ದಿನ ದೂಡುತ್ತಿದ್ದ ಹೆಂಗಸು, ಅಷ್ಟೇ.

ಅತ್ತೆ ದೇವೀರಮ್ಮ ಒಂದು ಕಾಲಕ್ಕೆ ಮನೆಯೊಳಗೆ ಕೆಮ್ಮಿದರೆ ಬೀದಿಯ ನಾಯಿ ಎದ್ದು ನಿಲ್ಲುತ್ತಿತ್ತು. (ಹೊಂಬಾಳಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ನಾಯಿಯ ಜೊತೆಗೆ ತಾನೂ ಎದ್ದು ನಿಂತದ್ದುಂಟು.) ಈಗ ಎರಡು ವರ್ಷದಿಂದ ಅರಳುಮರಳು. ಮಗ ಚೌಡಯ್ಯ ಕೆಲವು ದಿನ ಮಗ, ಕೆಲವು ದಿನ ತಮ್ಮ, ಗಡ್ಡ ಬೋಳಿಸಿಕೊಂಡ ದಿನ ಕಂದಾಯ ಕೇಳಲು ಬಂದ ಶಾನುಭೋಗ. ಎರಡು ಮುದ್ದೆ ಉಂಡು, ಕೈ ತೊಳೆದು, ಜಗುಲಿಗೆ ಬಂದು, ಈ ಮನೆಯಲ್ಲಿ ಒಂದು ತುತ್ತು ಹಿಟ್ಟು ಇಕ್ಕುವವರಿಲ್ಲ ಎಂದು ಬೀದಿಗೆಲ್ಲ ಕೇಳುವಂತೆ ನಿಟ್ಟುಸಿರು ಬಿಡುವಳು.

ಇದನ್ನೆಲ್ಲ ಹೊಂಬಾಳಮ್ಮ ನಿಭಾಯಿಸಿಯಾಳು. ನಿಭಾಯಿಸಲಾಗದ್ದು ಸಾಯಂಕಾಲ. ಬಿಸಿಲು ಇಳಿಯುತ್ತಲೇ ದೇವೀರಮ್ಮ ಗಂಟು ಕಟ್ಟುವಳು. ಒಂದು ಸೀರೆ, ಅವ್ವನಿಗೆಂದು ಒಂದು ಹಿಡಿ ಅವರೆಕಾಳು, ಮೊಮ್ಮಗಳ ಹಳೆಯ ಕುಲಾವಿ. ಕಂಕುಳಲ್ಲಿ ಗಂಟು ಇರುಕಿಕೊಂಡು, ಬೆಳಕವಾಡಿಗೆ ಹೋಗಬೇಕು, ಅವ್ವ ಕಾಯುತ್ತಿದ್ದಾಳೆ ಎಂದು ಹೊರಡುವಳು. ಬೆಳಕವಾಡಿ ಅವಳ ತವರು. ಅಲ್ಲಿಗೆ ಹೋಗುವ ದಾರಿ ಊರಾಚೆಯ ನಾಲೆಯ ಏರಿಯ ಮೇಲೆ. ದೇವೀರಮ್ಮ ಸೊಸೆಯಾಗಿ ಬಂದ ಕಾಲಕ್ಕೆ ಆ ನಾಲೆಯೇ ಇರಲಿಲ್ಲವಾಗಿ ಅವಳ ಲೆಕ್ಕದಲ್ಲಿ ಈಗಲೂ ಅದು ಇಲ್ಲ. ಒಂದು ದಿನ ನೀರುಗಂಟಿ ಅಂಕಯ್ಯ, ಒಂದು ಕಾಲು ನೀರಿಗಿಟ್ಟು ನಿಂತಿದ್ದ ಮುದುಕಿಯನ್ನು ಕೈ ಹಿಡಿದು ಕರೆತಂದ. ಅಂದಿನಿಂದ ಯಾರಾದರೂ ಬಾವಿಗೆ ಕೊಡ ಬಿಟ್ಟರೂ ಹೊಂಬಾಳಮ್ಮ ಅತ್ತೆ ಎಲ್ಲಿ ಎಂದು ಎದ್ದು ಓಡುತ್ತಿದ್ದಳು.

ಮೊದಲು ಸತ್ಯ ಹೇಳಿ ನೋಡಿದಳು. ನಿಮ್ಮವ್ವ ತೀರಿಕೊಂಡು ಮೂವತ್ತು ವರ್ಷವಾಯಿತು ಎಂದದ್ದೇ ತಡ, ಮುದುಕಿ ಆಗಷ್ಟೇ ಸುದ್ದಿ ಬಂದಂತೆ ಎದೆ ಬಡಿದುಕೊಂಡು ಅತ್ತಳು. ಅಕ್ಕಪಕ್ಕದವರು ಓಡಿಬಂದರು. ಮಾರನೆಯ ಸಾಯಂಕಾಲ ಮತ್ತೆ ಗಂಟು, ಮತ್ತೆ ಸತ್ಯ, ಮತ್ತೆ ಸಾವು. ಹೀಗೆ ಆ ಬೆಳಕವಾಡಿಯ ಪುಣ್ಯಾತ್ಗಿತ್ತಿ ಒಂದೇ ವಾರದಲ್ಲಿ ನಾಲ್ಕು ಸಲ ಸತ್ತಳು. ಐದನೆಯ ಸಲಕ್ಕೆ ಹೊಂಬಾಳಮ್ಮನಿಗೆ ಅತ್ತೆಯ ಮುಖ ನೋಡಲಾಗಲಿಲ್ಲ. ಚೌಡಯ್ಯ ಬಾಗಿಲಿಗೆ ಚಿಲಕ ಹಾಕು ಎಂದ. ಹಾಕಿದರೆ, ಮುದುಕಿ ಒಳಗೆ ಸಿಕ್ಕಿಬಿದ್ದ ಗುಬ್ಬಚ್ಚಿಯಂತೆ ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಅಲೆದಳು. ಚಿಲಕ ಹಾಕು ಎಂದವನೇ ಕಣ್ಣೊರೆಸಿಕೊಂಡು ತೆಗೆದ.

ಆಗ ಹೊಳೆದದ್ದು ಮಂಗಳವಾರ. ಮಂಗಳವಾರ, ಶುಕ್ರವಾರ ಹೆಣ್ಣುಮಗಳನ್ನು ಮನೆಯಿಂದ ಊರಿಗೆ ಕಳಿಸುವಂತಿಲ್ಲ ಎಂಬುದು ಬೆಳಕವಾಡಿಗೂ ಕೊತ್ತತ್ತಿಗೂ ಒಂದೇ ಕಾನೂನು. ದೇವೀರಮ್ಮ ಲೋಕವನ್ನೆಲ್ಲ ಮರೆತರೂ ಕಾನೂನು ಮರೆತಿರಲಿಲ್ಲ.

“ಇವತ್ತು ಮಂಗ್ಳಾರ ಕಣತ್ತೆ,” ಎಂದಳು ಹೊಂಬಾಳಮ್ಮ. (ಅಂದು ಗುರುವಾರ.)

ಮುದುಕಿ ಹೊಸ್ತಿಲಾಚೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದಳು. “ಊಂ ಕಣವ್ವ, ನೀನಂದಂಗೇ ಆಗ್ಲಿ ಬುಡು,” ಎಂದು ಗಂಟು ಬಿಚ್ಚಿ ಕೂತಳು. ಅಷ್ಟೇ. ಅಳುವಿಲ್ಲ, ಚಿಲಕವಿಲ್ಲ.

ಹೊಂಬಾಳಮ್ಮ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡಳು. ಆ ಹುರುಪಿನಲ್ಲಿ ಇನ್ನೊಂದು ಉಪಾಯವೂ ಹುಟ್ಟಿತು. ತೊಗರಿ, ಅವರೆ, ಹುರುಳಿ ಮೂರನ್ನೂ ಬೆರೆಸಿ ಒಂದು ಮೊರದಲ್ಲಿಟ್ಟು, ಕಾಳು ಬೆರೆತುಹೋಗಿದೆ, ವಸಿ ಬಿಡಿಸಿಕೊಡಿ ಎಂದು ಬೆಳಿಗ್ಗೆ ಅತ್ತೆಯ ಮುಂದಿಡುವಳು. ಹೆಸರು ಮರೆತ ಮುದುಕಿಯ ಬೆರಳು ಕಾಳು ಮರೆತಿರಲಿಲ್ಲ. ಮಧ್ಯಾಹ್ನಕ್ಕೆ ಮೂರು ಗುಡ್ಡೆ, ಒಂದು ಕಾಳು ತಪ್ಪಿರುತ್ತಿರಲಿಲ್ಲ. ಅದನ್ನು ಹಿತ್ತಲಿಗೊಯ್ದು ಮತ್ತೆ ಬೆರೆಸಿದರೆ ನಾಳೆಯ ಕೆಲಸ ಸಿದ್ಧ. ಆ ಕಾಳು ಆರು ತಿಂಗಳಾದರೂ ಮಡಕೆಯ ಮುಖ ಕಾಣಲಿಲ್ಲ.

ಆದರೆ ಮಂಗಳವಾರ ಒಬ್ಬಂಟಿಯಾಗಿ ಬರುವ ಅತಿಥಿಯಲ್ಲ. ಚೌಡಯ್ಯನ ಗಡ್ಡ ಮಾಡಲು ಬಂದ ಕ್ಷೌರಿಕನನ್ನು ಮುದುಕಿ ಜಗುಲಿಯಿಂದ ಅಟ್ಟಿದಳು. ಮಂಗಳವಾರ ಕತ್ತಿ ತಾಗಿಸುವುದುಂಟೇ. ಆ ಯಜಮಾನ ಮಂಡ್ಯಕ್ಕೆ ಹೋಗಿ, ಕಳ್ಳನಂತೆ ಗಡ್ಡ ಬೋಳಿಸಿಕೊಂಡು ಬರಬೇಕಾಯಿತು. ಬಂದರೆ ಮತ್ತೆ ಶಾನುಭೋಗನಾದ. ಪಕ್ಕದ ಮನೆಯ ಚಲುವಮ್ಮ ಹೆಪ್ಪಿಗೆ ಒಂದು ತೊಟ್ಟು ಮಜ್ಜಿಗೆ ಕೇಳಿದರೆ, ಮಂಗಳವಾರ ಮನೆಯಿಂದ ಬಿಳಿದು ಹೊರಗೆ ಹೋಗುವಂತಿಲ್ಲ ಎಂದು ಮುದುಕಿ ಬರಿಗೈಯಲ್ಲಿ ಕಳಿಸಿದಳು. “ನಿಮ್ಮಟ್ಟೀಲಿ ಕೇಳಕ್ ಬಂದೋರ್ಗೇ ಮಂಗ್ಳಾರ ಅಂಟ್ಕತದೆ ಕಣಮ್ಮಿ,” ಎಂದು ಚಲುವಮ್ಮ ಮೂತಿ ತಿರುವಿದಳು. ಇನ್ನು ಆ ಮೂರು ವರ್ಷದ ಹುಡುಗಿ, ನಾಳೆ ಯಾವ ವಾರ ಎಂದರೆ ಮಂಗಳವಾರ, ನಾಡಿದ್ದು ಎಂದರೂ ಮಂಗಳವಾರ ಎನ್ನುತ್ತಿತ್ತು.

ಹೀಗಿರುವಾಗ ಹೊಂಬಾಳಮ್ಮನ ತಂಗಿಗೆ ಮದುವೆ ಗೊತ್ತಾಯಿತು. ತವರು ಚಿಕ್ಕರಸಿನಕೆರೆ. ಎರಡು ವರ್ಷದಿಂದ ಅವಳು ತವರಿನ ಹೊಸ್ತಿಲು ತುಳಿದಿರಲಿಲ್ಲ. ಮದುವೆಗೆ ಹೋಗಿ ಎಂಟು ದಿನ ಇದ್ದು ಬರುವುದು, ಅವ್ವನ ಕೈಯಲ್ಲಿ ತಲೆಗೆ ಎಣ್ಣೆ ಹಾಕಿಸಿಕೊಳ್ಳುವುದು, ಬೆಳಕು ಹರಿದ ಮೇಲೂ ಹೊದ್ದು ಮಲಗುವುದು. ಇಷ್ಟು ಅವಳ ಆಸೆ. ಚೌಡಯ್ಯ ಅವ್ವನನ್ನು ತಾನು ನೋಡಿಕೊಳ್ಳುತ್ತೇನೆಂದ. ಚಲುವಮ್ಮನೂ ಮಜ್ಜಿಗೆಯ ಸಿಟ್ಟು ಮರೆತು, ತಾನಿದ್ದೇನೆ ಹೋಗಿ ಬಾ ಎಂದಳು. ಸೋಮವಾರ ಎತ್ತಿಗೆ ನೊಗ ಇಡುವಂತಿಲ್ಲ, ಮಂಗಳವಾರ ಹೆಣ್ಣು ಹೊರಡುವಂತಿಲ್ಲ. ಅದಕ್ಕೇ ಹೊಂಬಾಳಮ್ಮನ ತಮ್ಮ ಪುಟ್ಟರಾಜು ಅಚ್ಚ ಬುಧವಾರ ಬೆಳಿಗ್ಗೆ ಕಮಾನುಗಾಡಿ ಕಟ್ಟಿಕೊಂಡು ಬಂದ.

ಹೊಂಬಾಳಮ್ಮ ಹೂ ಮುಡಿದು, ಮಗಳನ್ನು ಎತ್ತಿಕೊಂಡು, ಅತ್ತೆಗೆ ಅಡ್ಡಬಿದ್ದು ಎದ್ದು ನೋಡುತ್ತಾಳೆ, ಅತ್ತೆ ಹೊಸ್ತಿಲ ಮೇಲೆ ಎರಡೂ ಕಂಬಕ್ಕೆ ಕೈ ಚಾಚಿ ಕೂತಿದ್ದಾಳೆ.

“ಮಂಗ್ಳಾರ ನನ್ ಸೊಸೆ ಕಳ್ಸಕ್ಕಿಲ್ಲ ಕಣಪ್ಪ. ಗಾಡಿ ತಿರುಗ್ಸು,” ಎಂದಳು ಪುಟ್ಟರಾಜುವಿಗೆ. ದನಿ ಹಳೆಯ ದೇವೀರಮ್ಮನದು. ಬೀದಿಯ ನಾಯಿ ಎದ್ದು ನಿಂತಿತು.

ಪುಟ್ಟರಾಜು ಬುಧವಾರ ಎಂದ. ಚೌಡಯ್ಯ ಬುಧವಾರ ಎಂದ. ಸಾಕ್ಷಿಗೆ ಮೊಮ್ಮಗಳನ್ನು ಕೇಳಿದರೆ ಅದು ಮಂಗಳವಾರ ಎಂದಿತು. ಕೊನೆಗೆ ಹೊಂಬಾಳಮ್ಮ ಅತ್ತೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, “ನಮ್ಮವ್ವನಾಣೆಗೂ ಬುಧ್ವಾರ ಕಣತ್ತೆ,” ಎಂದಳು.

ಮುದುಕಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, ತಲೆಯಾಡಿಸಿ, ಒಳಗೆ ಹೋದಳು. ಗೆದ್ದೆನೆಂದು ಹೊಂಬಾಳಮ್ಮ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ದೇವೀರಮ್ಮ ಗಂಟು ಸಮೇತ ಹೊರಬಂದು, ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಕೂತಿದ್ದಳು. “ಬುಧ್ವಾರವಾದ್ರೆ ನಾನೂ ಓಯ್ತೀನಿ. ನಮ್ಮವ್ವ ಕಾಯ್ತಾವ್ಳೆ.”

ಇಳಿಸುವ ಧೈರ್ಯ ಮಾಡುವ ಗಂಡಸು ಆ ಬೀದಿಯಲ್ಲೇ ಇರಲಿಲ್ಲ.

ಚಿಕ್ಕರಸಿನಕೆರೆಯ ಕೆರೆ ಕಂಡದ್ದೇ, ಬಂತು ಬೆಳಕವಾಡಿ ಎಂದಳು ಮುದುಕಿ. ಯಾರೂ ಅಲ್ಲವೆನ್ನಲಿಲ್ಲ. ಮದುವೆಮನೆಯಲ್ಲಿ ಏನು ಆಭಾಸವಾಗುವುದೋ ಎಂದು ಹೊಂಬಾಳಮ್ಮ ಅತ್ತೆಯ ಸೆರಗು ಹಿಡಿದೇ ತಿರುಗಿದಳು. ಆದದ್ದೇ ಬೇರೆ. ಅರಿಶಿನ ಹಚ್ಚುವ ಹೊತ್ತಿಗೆ ಊರಿನ ಹೆಂಗಸರು ಸೋಬಾನೆ ಪದ ಎತ್ತಿ, ಎರಡನೆಯ ಸೊಲ್ಲಿಗೇ ತಡವರಿಸಿದರು. ಮೂಲೆಯಲ್ಲಿ ಕೂತಿದ್ದ ದೇವೀರಮ್ಮ ಕಣ್ಣು ಮುಚ್ಚಿ ಅಲ್ಲಿಂದಲೇ ಮುಂದುವರಿಸಿದಳು. ಬೆಳಿಗ್ಗೆ ಏನು ಉಂಡೆನೆಂದು ತಿಳಿಯದ ಬಾಯಿಂದ ಒಂದಾದ ಮೇಲೊಂದು ಹನ್ನೊಂದು ಪದ, ಒಂದು ಸೊಲ್ಲೂ ಜಾರದೆ ಬಂದವು. ಹೆಂಗಸರು ಸೊಲ್ಲು ಹಿಡಿಯಲು ಮುದುಕಿಯ ಸುತ್ತ ಒತ್ತರಿಸಿಕೊಂಡು ಕೂತರು. ಹೊಂಬಾಳಮ್ಮ ಸೆರಗು ಬಿಟ್ಟಳು. ಇಂಥ ಅತ್ತೆಯನ್ನು ತಾನು ಕಾಪಾಡಿಕೊಂಡು ಬಂದೆನಲ್ಲ ಎಂದು ಅವಳ ಎದೆ ಉಬ್ಬಿತು. (ಉಬ್ಬಿದ್ದು ಮೂರು ದಿನ ಮಾತ್ರ.)

ಶನಿವಾರ ಸಾಯಂಕಾಲ, ಮದುವೆ ಮುಗಿದು ಹೆಂಗಸರೆಲ್ಲ ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿರುವಾಗ, ದೇವೀರಮ್ಮ ಗಂಟಿನೊಂದಿಗೆ ಎದ್ದಳು. ಈಗ ಕೊತ್ತತ್ತಿಗೆ ಹೋಗಬೇಕಂತೆ. ರೇಷ್ಮೆ ಸೀರೆಯಲ್ಲಿದ್ದ ಹೊಂಬಾಳಮ್ಮ ಓಡಿಬಂದು, ಅಭ್ಯಾಸಬಲದಿಂದ, ಇವತ್ತು ಮಂಗಳವಾರ ಎಂದಳು.

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಈ ರೇಷ್ಮೆಯ ಹೆಣ್ಣು ಯಾರೆಂದು ಅವಳಿಗೆ ತಿಳಿಯಲಿಲ್ಲ.

“ನೀನೂ ಅಂಗೇ ಅಂತೀಯಲ್ಲವ್ವ. ನನ್ ಸೊಸೆನೂ ದಿನಾ ಅಂಗೇ ಅಂತಾಳೆ,” ಎಂದು ಪಕ್ಕಕ್ಕೆ ಕೂರಿಸಿಕೊಂಡು ದನಿ ತಗ್ಗಿಸಿದಳು. “ಒಳ್ಳೆ ಎಣ್ಣು ಕಣವ್ವ, ಚಿನ್ನದಂತೋಳು. ಆದ್ರೆ ಪಾಪ, ಈ ವಯಸ್ಗೇ ನೆಪ್ಪು ಓಗ್ಬುಟ್ಟದೆ. ದಿನಾ ಮಂಗ್ಳಾರ ಅಂತಾಳೆ. ಅಲ್ಲ ಅಂದ್ರೆ ನೊಂದ್ಕತಾಳೆ ಅಂತ ನಾನೂ ಊಂ ಅಂದು ಕುಂತ್ಕತೀನಿ.”

ಪಡಸಾಲೆಯಲ್ಲಿ ಎಲೆ ಅಗಿಯುವ ಸದ್ದು ನಿಂತಿತು. ಹೊಂಬಾಳಮ್ಮನ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸೊಸೆ ಇನ್ನೇನು ಮಾಡುತ್ತಾಳೆಂದು ಕೇಳಿದಳು.

“ನಾನು ಬಿಡಿಸಿಕ್ಕಿದ ಕಾಳ್ನ ಇತ್ಲಿಗೆ ತಕ್ಕಂಡೋಗಿ ತಿರ್ಗಾ ಬೆರೆಸ್ತಾಳೆ ಕಣವ್ವ. ನಾನು ಕಂಡೂ ಕಾಣದಂಗೆ ಇವ್ನಿ. ಬಯ್ದ್ರೆ ನೆಪ್ಪು ಬಂದದಾ? ಮಾರ್ನೆ ದಿನ ತಿರ್ಗಾ ಬಿಡಿಸಿಕ್ತೀನಿ. ನಾನಿಲ್ದಿದ್ರೆ ಅವ್ಳ ನೋಡ್ಕಳೋರ್ ಯಾರು, ಯೋಳು?”

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಹೊಂಬಾಳಮ್ಮನೂ ನಕ್ಕಳು, ನಗುತ್ತ ನಗುತ್ತ ಯಾಕೋ ಕಣ್ಣು ತುಂಬಿ ಬಂದು ರೇಷ್ಮೆ ಸೆರಗೆಲ್ಲ ಹಾಳಾಯಿತು. ಎಂಟು ದಿನ ಇರಲಾಗಲಿಲ್ಲ. ಸೊಸೆಯನ್ನು ನೋಡಿಕೊಳ್ಳಬೇಕೆಂದು ಅಷ್ಟು ಅವಸರದಲ್ಲಿರುವ ಅತ್ತೆಯನ್ನು ತಡೆಯುವುದು ಹೇಗೆ? ಸೋಮವಾರ ಗಾಡಿ ಇಲ್ಲ, ಮಂಗಳವಾರ ನಿಜವಾದ ಮಂಗಳವಾರ. ಭಾನುವಾರ ಬೆಳಿಗ್ಗೆಯೇ ಹೊರಟರು.

ಗಾಡಿ ಕೊತ್ತತ್ತಿಯ ಹತ್ತಿರ ಬಂದಾಗ ಮಾಸಲು ಸೀರೆಯ ಹೊಂಬಾಳಮ್ಮನನ್ನು ಮುದುಕಿ ಗುರುತು ಹಿಡಿದು, ಇವತ್ತು ಯಾವ ವಾರ ಎಂದು ಮೆಲ್ಲಗೆ ಕೇಳಿದಳು.

“ಭಾನ್ವಾರ ಕಣತ್ತೆ. ಸತ್ಯವಾಗ್ಲೂ.”

ದೇವೀರಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. “ಊಂ ಕಣವ್ವ, ನೀನಂದಂಗೇ ಆಗ್ಲಿ,” ಎಂದಳು. ಆಮೇಲೆ ಸೊಸೆಯ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗಾಡಿ ನಾಲೆಯ ಏರಿ ಹತ್ತುತ್ತಿತ್ತು. ಅವಳ ಲೆಕ್ಕದಲ್ಲಿಲ್ಲದ ನೀರು ಇಂದು ಅವಳ ಕಣ್ಣಿಗೂ ಬಿದ್ದಿತ್ತು. ನೆಪ್ಪಿಲ್ಲದ ಹುಡುಗಿ, ಎಲ್ಲಾದರೂ ನೀರಿಗೆ ಬಿದ್ದಾಳು.